ಕಾರ್ಡ್ ಇಲ್ಲದ ಓದುಗರು

ಯಲಹಂಕದಾಚೆಯ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಇಪ್ಪತ್ತೊಂದು ವರ್ಷದಿಂದ ಗ್ರಂಥಪಾಲಕಿ. ಬೇರೆ ಕಡೆ ಹೇಗೋ ಗೊತ್ತಿಲ್ಲ, ನಮ್ಮಲ್ಲಿ ನಗು ಬರುವಂಥ ಸಂಗತಿಗಳೆಲ್ಲ ಸದ್ದು ಮಾಡಬಾರದು ಅಂತ ಬೋರ್ಡ್ ಹಾಕಿದ ಜಾಗದಲ್ಲೇ ಆಗುತ್ತವೆ. ಏರ್ ಶೋ ತಾಲೀಮಿನ ವಾರದಲ್ಲಿ ತಲೆಯ ಮೇಲೆ ಯುದ್ಧವಿಮಾನ ಕಿರುಚಿಕೊಂಡು ಹೋದರೆ, ಓದುತ್ತಾ ಕೂತ ಹುಡುಗರು ಒಮ್ಮೆ 'ನಿಶ್ಶಬ್ದ' ಅನ್ನುವ ಬೋರ್ಡ್ ನೋಡುತ್ತಾರೆ, ಒಮ್ಮೆ ನನ್ನ ಮುಖ ನೋಡುತ್ತಾರೆ. ನಾನೇ ಎದ್ದು ಹೋಗಿ ಪೈಲಟ್‌ಗೆ ಗದರಬೇಕು ಅನ್ನುವ ಹಾಗೆ.

ಅಂಥ ನಗು ಅಲ್ಲೇ ಮುಗಿದುಹೋಗುತ್ತದೆ. ಇನ್ನು ಕೆಲವು ಇವೆ. ಆಗ ನಗು ಬಂದಿರುತ್ತದೆ, ಸಂಜೆ ವಿದ್ಯಾರಣ್ಯಪುರದ ಬಸ್ಸಿನಲ್ಲಿ ಸೀಟು ಹಿಡಿದು ಕೂತ ಮೇಲೆ ನಿಂತುಹೋಗುತ್ತದೆ. ಇಲ್ಲಿ ಬರೆದಿರುವುದು ಅಂಥವನ್ನು. ಯಾರ ಹೆಸರೂ ಹಾಕಿಲ್ಲ. ತಪ್ಪು ಮಾಡಿದವರಲ್ಲಿ ನಾನೂ ಇದ್ದೇನೆ, ಅದನ್ನು ಮಾತ್ರ ಮುಚ್ಚಿಟ್ಟಿಲ್ಲ.

ಲೈಬ್ರರಿಯನ್ ಎಲ್ಲಿ?

ಒಮ್ಮೆ ಕಾಲೇಜಿಗೆ ತಪಾಸಣಾ ಸಮಿತಿ ಬಂತು. ಮೂರು ಜನ. ಅದಕ್ಕೆ ಒಂದು ತಿಂಗಳಿಂದ ನಾನು ಕಡತಗಳನ್ನು ಸರಿಮಾಡಿಕೊಂಡು, ಯಾವ ಪ್ರಶ್ನೆ ಬಂದರೂ ಉತ್ತರ ಬಾಯಲ್ಲೇ ಇರಲಿ ಅಂತ ಕಾಯುತ್ತಿದ್ದೆ. ಸಮಿತಿಯ ಹಿರಿಯರು ಒಳಗೆ ಬಂದವರೇ ನನ್ನ ತಲೆಯ ಮೇಲಿಂದ ಆಚೆ ನೋಡಿ ಕೇಳಿದರು.

"ಲೈಬ್ರರಿಯನ್ ಎಲ್ಲಮ್ಮ?"

"ನಾನೇ ಸಾರ್."

"ಅಲ್ಲ, ಮುಖ್ಯಸ್ಥರು?"

"ಅದೂ ನಾನೇ ಸಾರ್."

ಅವರಿಗೆ ಕೇಳಿಸಿತೋ ಇಲ್ಲವೋ. ನನ್ನ ಹಿಂದೆ ನಮ್ಮ ಅಟೆಂಡರ್ ನಿಂತಿದ್ದರು. ಬೆಳ್ಳನೆ ಕೂದಲು, ಆ ದಿನಕ್ಕೆಂದೇ ಇಸ್ತ್ರಿ ಮಾಡಿಸಿಕೊಂಡ ಸಫಾರಿ. ಹಿರಿಯರು ನೇರ ಹೋಗಿ ಅವರ ಕೈಕುಲುಕಿ, ಕುರ್ಚಿ ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು. ಆನ್‌ಲೈನ್ ಪತ್ರಿಕೆಗಳು ಎಷ್ಟಿವೆ, ಬಳಕೆ ಹೇಗಿದೆ, ಮುಂದಿನ ಯೋಜನೆ ಏನು ಅಂತ ಒಂದಾದ ಮೇಲೊಂದು ಕೇಳಿದರು. ಅಟೆಂಡರ್ ಪ್ರತಿ ಪ್ರಶ್ನೆಗೂ ಕೈಕಟ್ಟಿಕೊಂಡು ಒಂದೇ ಉತ್ತರ ಕೊಟ್ಟರು: "ಮೇಡಂ ಹೇಳ್ತಾರೆ ಸಾರ್." ನಾನು ನಿಂತೇ ಹೇಳಿದೆ. ಹಿರಿಯರು ಅಟೆಂಡರ್ ಮುಖ ನೋಡಿಕೊಂಡೇ ಬರೆದುಕೊಂಡರು.

ಆಮೇಲೆ ಬಂದ ವರದಿಯಲ್ಲಿ 'ಗ್ರಂಥಪಾಲಕರು ಅನುಭವಿ, ವಿನಯವಂತರು, ಮಿತಭಾಷಿ' ಎಂದಿತ್ತು. ಪ್ರಿನ್ಸಿಪಾಲರು ಅದನ್ನು ಓದಿ ನನ್ನನ್ನೊಮ್ಮೆ ನೋಡಿ, "ಮಿತಭಾಷಿ?" ಅಂದರು.

ವಿಷಯ ತಿಳಿದ ಅಟೆಂಡರ್ ನನಗಿಂತ ಹೆಚ್ಚು ನೊಂದುಕೊಂಡರು. ಮಧ್ಯಾಹ್ನ ಟೀ ತಂದಿಟ್ಟು ಮೆಲ್ಲಗೆ ಅಂದರು: "ಬಿಡಿ ಮೇಡಂ, ಬೇಜಾರ್ ಮಾಡ್ಕೋಬೇಡಿ. ಮೂವತ್ತು ವರ್ಷದ ಸರ್ವಿಸಲ್ಲಿ ನನಗೆ ಸಿಕ್ಕಿದ್ದು ಅದೊಂದೇ ಪ್ರಮೋಷನ್ನು. ಅದೂ ಅರ್ಧ ಗಂಟೆ."

ಹಾಲಿನ ಹುಡುಕಾಟ

ರಾಜಾನುಕುಂಟೆ ಕಡೆಯ ಹಳ್ಳಿಯಿಂದ ಬರುತ್ತಿದ್ದ ಬಿ.ಕಾಂ. ಹುಡುಗಿ. ಪಿಯುಸಿವರೆಗೂ ಕನ್ನಡ ಮಾಧ್ಯಮ. ಮೂರು ದಿನ ಸತತವಾಗಿ ಪುಸ್ತಕ ಹುಡುಕುವ ಕಂಪ್ಯೂಟರಿನ ಮುಂದೆ ನಿಂತು, ಏನೋ ಒತ್ತಿ, ಮುಖ ಸಣ್ಣ ಮಾಡಿಕೊಂಡು ಹೋಗುತ್ತಿದ್ದಳು. ನಾಲ್ಕನೇ ದಿನ ನನ್ನ ಟೇಬಲ್ಲಿಗೆ ಬಂದಳು. ಕೈಯಲ್ಲಿ ಒಂದು ಚೀಟಿ. ಅದನ್ನು ನೋಡಿಕೊಂಡು ಇಂಗ್ಲಿಷಿನಲ್ಲಿ ಶುರು ಮಾಡಿದವಳು ಅರ್ಧ ವಾಕ್ಯಕ್ಕೆ ತಡವರಿಸಿ ನಿಂತಳು.

"ಕನ್ನಡದಲ್ಲೇ ಕೇಳಮ್ಮ" ಅಂದೆ.

"ಕೇಳಬಹುದಾ ಮೇಡಂ?" ಅಂದಳು.

ಬೆಂಗಳೂರಿನಲ್ಲಿ, ಕನ್ನಡದವಳಾದ ನನ್ನನ್ನು, ಕನ್ನಡದ ಹುಡುಗಿ ಕೇಳಿದ ಪ್ರಶ್ನೆ ಅದು. ನಾನು ಇಷ್ಟು ವರ್ಷ ಎಂಥ ಮುಖ ಹೊತ್ತು ಆ ಟೇಬಲ್ಲಿನ ಹಿಂದೆ ಕೂತಿದ್ದೆನೋ.

ಅವಳಿಗೆ ಬೇಕಾಗಿದ್ದು ಹಳ್ಳಿಗಳ ಹಾಲು ಉತ್ಪಾದನೆಯ ಬಗ್ಗೆ ಪುಸ್ತಕ. ತಮ್ಮೂರಿನ ಡೇರಿಯ ಮೇಲೆ ಪ್ರಾಜೆಕ್ಟ್ ಬರೆಯಬೇಕಿತ್ತು. ನಮ್ಮ ಕನ್ನಡ ಪುಸ್ತಕಗಳ ಹೆಸರುಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿದ್ದು ನಾನೇ, ಕೆಲಸಕ್ಕೆ ಸೇರಿದ ಹೊಸದರಲ್ಲಿ. ಆಗ ಕನ್ನಡ ಅಕ್ಷರ ಮೂಡಿಸುವ ಸೌಕರ್ಯ ಇರಲಿಲ್ಲವೆಂದು ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದೆ. ಸೌಕರ್ಯ ಬಂದು ಎಷ್ಟೋ ವರ್ಷ ಆದರೂ ಬದಲಾಯಿಸಿರಲಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಹಾಲೂ ಒಂದೇ, ಹಾಳೂ ಒಂದೇ. ಅವಳು ಹಾಲು ಅಂತ ಒತ್ತಿದರೆ ಯಂತ್ರ ಹಾಳುಬಿದ್ದ ಕೋಟೆ, ಹಾಳುಬಿದ್ದ ದೇವಸ್ಥಾನ, ಕುಡಿತದಿಂದ ಹಾಳಾದ ಸಂಸಾರ ಎಲ್ಲವನ್ನೂ ತೋರಿಸಿತ್ತು.

ಅವಳು ಬಹಳ ಸಂಕೋಚದಿಂದ ಹೇಳಿದಳು: "ಮೇಡಂ, ನಮ್ಮೂರ ಡೇರಿ ಇನ್ನೂ ಹಾಳಾಗಿಲ್ಲ. ಚೆನ್ನಾಗೇ ನಡೀತಿದೆ."

ಅವತ್ತೇ ಕೂತು ತಿದ್ದಲು ಶುರು ಮಾಡಿದೆ. ಒಂದೊಂದೇ ಪುಸ್ತಕ ತೆಗೆದು, ಹೆಸರನ್ನು ಕನ್ನಡದಲ್ಲೇ ತುಂಬುವ ಕೆಲಸ. ಆ ಹುಡುಗಿ ಊಟದ ಬಿಡುವಿನಲ್ಲಿ ಬಂದು ಪಕ್ಕದಲ್ಲಿ ಕೂತು ಓದಿ ಹೇಳುತ್ತಿದ್ದಳು. ಕನ್ನಡದ ಸಾಲಿನಲ್ಲಿ ಅವಳಿಗೆ ಚೀಟಿ ಬೇಕಿರಲಿಲ್ಲ, ದನಿ ತಾನಾಗಿ ಎದ್ದಿತ್ತು. ಒಂದು ದಿನ ಪಶುಪಾಲನೆಯ ಕಪಾಟಿನಿಂದ ಒಂದು ಪುಸ್ತಕ ತೆಗೆದು ಬಹಳ ಹೊತ್ತು ತಿರುವಿದಳು. ಅದು ಈ ಭಾಗದ ಕೆರೆಕಟ್ಟೆಗಳ ಕುರಿತ ಪುಸ್ತಕ. ಇಂಗ್ಲಿಷ್ ಅಕ್ಷರದಲ್ಲಿ ನಾನೇ ಬರೆದಿದ್ದ ಹೆಸರನ್ನು ಮುಂದೆ ಯಾವಾಗಲೋ ನಾನೇ ತಪ್ಪಾಗಿ ಓದಿ, ಕುರಿ, ಕೋಳಿ, ಕುದುರೆಗಳ ನಡುವೆ ಇಟ್ಟಿದ್ದೆ.

"ಮೇಡಂ, ಕಟ್ಟೆನಾ ಕತ್ತೆ ಮಾಡ್ಬಿಟ್ಟಿದೀರ" ಅಂದಳು.

ಕತ್ತೆ ಯಾರು ಅಂತ ನಾನು ಕೇಳಲಿಲ್ಲ.

ಗೋಡೆಯ ಮೇಲಿನ ನೋಟಿಸು

ಇದನ್ನು ಬರೆಯಬೇಕೋ ಬೇಡವೋ ಅಂತ ಬಹಳ ಯೋಚಿಸಿದೆ.

ಕಣ್ಣು ಕಾಣದ ವಿದ್ಯಾರ್ಥಿಗಳಿಗೆಂದು, ತೆರೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ಕಂಪ್ಯೂಟರೊಂದನ್ನು ಕಾಲೇಜು ತರಿಸಿತ್ತು. ರಿಬ್ಬನ್ ಕಟ್ಟಿ, ಹೂವು ಹಾಕಿ ಉದ್ಘಾಟನೆ ಮಾಡಿ, ಧೂಳು ಕೂರದಿರಲಿ ಅಂತ ಬಟ್ಟೆ ಹೊದಿಸಿ ಮೇಲಿನ ಮಹಡಿಯ ಮೂಲೆಯಲ್ಲಿ ಇಟ್ಟಿದ್ದೆವು. ಒಂದು ವರ್ಷವಾದರೂ ಆ ಬಟ್ಟೆಯನ್ನು ಯಾರೂ ತೆಗೆದಿರಲಿಲ್ಲ. ಬಳಸುವವರು ಇಲ್ಲ, ನಾವೇನು ಮಾಡೋದು ಅಂತ ಮೀಟಿಂಗಿನಲ್ಲಿ ನಾನೇ ಹೇಳಿದ್ದೆ.

ಆರ್.ಟಿ. ನಗರದ ಒಬ್ಬ ಬಿ.ಎ. ವಿದ್ಯಾರ್ಥಿ, ಹುಟ್ಟಿನಿಂದ ಕಣ್ಣು ಕಾಣದವನು. ಮನೆಯಲ್ಲಿ ದಖನಿ ಉರ್ದು, ಕಾಲೇಜಿನಲ್ಲಿ ನನಗಿಂತ ಚುರುಕಾದ ಕನ್ನಡ. ಪರೀಕ್ಷೆ ಹತ್ತಿರ ಬಂದಾಗ ಕೋಲು ತಟ್ಟಿಕೊಂಡು ನನ್ನ ಟೇಬಲ್ ಹುಡುಕಿಕೊಂಡು ಬಂದ.

"ಮೇಡಂ, ನಮ್ಮಂಥೋರಿಗೆ ಅಂತ ಇಲ್ಲಿ ಒಂದು ಕಂಪ್ಯೂಟರ್ ಇದೆಯಂತೆ ಹೌದಾ? ಎರಡು ವರ್ಷದಿಂದ ಇಲ್ಲೇ ಓದ್ತಿದೀನಿ, ಯಾರೂ ಹೇಳೇ ಇಲ್ಲ."

ನಾನು ಏನೋ ಬರೆಯುತ್ತಿದ್ದವಳು ತಲೆಯೆತ್ತದೆ ಹೇಳಿದೆ: "ಹೇಳದೆ ಏನಪ್ಪ? ಬಾಗಿಲ ಪಕ್ಕದ ಗೋಡೆ ಮೇಲೆ ಅಷ್ಟು ದೊಡ್ಡ ನೋಟಿಸ್ ಹಾಕಿದೀನಲ್ಲ."

ಬಾಯಿಂದ ಬಂದ ಮಾತು ಕಿವಿಗೆ ಬೀಳುವಷ್ಟರಲ್ಲಿ ನನ್ನ ಕೈ ನಿಂತುಹೋಗಿತ್ತು. ಅವನು ಮರ್ಯಾದೆಯಿಂದ ಗೋಡೆಯ ಕಡೆ ಮುಖ ತಿರುಗಿಸಿ, ಸ್ವಲ್ಪ ಹೊತ್ತು ಹಾಗೇ ನಿಂತು, "ಓ, ಹೌದಾ ಮೇಡಂ? ಅಕ್ಷರ ಇನ್ನೊಂಚೂರು ದೊಡ್ಡದಾಗಿ ಹಾಕ್ಬೇಕಿತ್ತು" ಅಂದ.

ಪಕ್ಕದ ಟೇಬಲ್ಲಿನಲ್ಲಿ ಓದುತ್ತಿದ್ದ ಅವನ ಗೆಳೆಯ ನಗು ತಡೆಯಲಾರದೆ ಹೊರಗೆ ಓಡಿದ. ನನಗೆ ನಗು ಬರಲಿಲ್ಲ. ಎದ್ದು ಹೋಗಿ ಅವನ ಕೈ ಹಿಡಿದು "ತಪ್ಪಾಯ್ತಪ್ಪ" ಅಂದೆ. ಕಂಪ್ಯೂಟರನ್ನು ಅದೇ ದಿನ ಕೆಳಗಿಳಿಸಿದೆವು. ಅಷ್ಟಕ್ಕೇ ಮುಗಿಯಲಿಲ್ಲ. ನಾವು ಅದರಲ್ಲಿ ಹಾಕಿದ್ದ ಪಠ್ಯಗಳೆಲ್ಲ ಪುಸ್ತಕದ ಪುಟಗಳ ಫೋಟೋಗಳು, ಯಂತ್ರಕ್ಕೆ ಅವುಗಳಲ್ಲಿ ಅಕ್ಷರ ಕಾಣಿಸುತ್ತಿರಲಿಲ್ಲ. 'ಚಿತ್ರ, ಚಿತ್ರ, ಚಿತ್ರ' ಅಂತ ಅದು ಒಂದೇ ಸಮನೆ ಗೊಣಗುತ್ತಿತ್ತು. ಕೊನೆಗೆ ಅವನ ಕ್ಲಾಸಿನವರೇ ಹಂಚಿಕೊಂಡು ಇಡೀ ಇತಿಹಾಸದ ಪಠ್ಯವನ್ನು ಟೈಪ್ ಮಾಡಿದರು. ಅವನು ಒಳ್ಳೆಯ ದರ್ಜೆಯಲ್ಲಿ ಪಾಸಾದ. ಈಗ ಯಶವಂತಪುರದ ಕಡೆ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು.

ಕಂಪ್ಯೂಟರ್ ಕೆಳಗೆ ಬಂದ ದಿನ ನಾನು ನಾಚಿಕೆಯಿಂದ ಆ ನೋಟಿಸು ಕಿತ್ತುಹಾಕಲು ಹೋದೆ. ಪರಪರ ಸದ್ದು ಅವನಿಗೆ ಕೇಳಿಸಿತು.

"ಇರ್ಲಿ ಬಿಡಿ ಮೇಡಂ. ಕಣ್ಣಿರೋರೂ ಯಾರೂ ಅದನ್ನ ಓದಿಲ್ಲ. ನಾನೊಬ್ನೇ ಅಲ್ಲ ಅಂತ ಸಮಾಧಾನ."

ಓದ ವರ್ಷ

ನಮ್ಮ ಗ್ರಂಥಾಲಯ ಗುಡಿಸಿ ಒರೆಸುವ ಹೆಂಗಸು ಚಿಕ್ಕಜಾಲದವರು. ಐವತ್ತು ದಾಟಿದೆ, ಗುತ್ತಿಗೆ ಕೆಲಸ. ಎಲ್ಲರೂ ಅಕ್ಕ ಅನ್ನುತ್ತೇವೆ. ಬೆಳಿಗ್ಗೆ ನಾನು ಬರುವಷ್ಟರಲ್ಲಿ ಕೆಲಸ ಮುಗಿಸಿ ಬೇರೆ ಕಟ್ಟಡಕ್ಕೆ ಹೋಗಿರುತ್ತಿದ್ದರು.

ಒಂದು ಸಲ ಗಮನಿಸಿದೆ. ಕನ್ನಡ ಕಾದಂಬರಿಗಳ ಕಪಾಟು ಕನ್ನಡಿಯಂತೆ ಹೊಳೆಯುತ್ತಿತ್ತು. ಪಕ್ಕದ ಲೆಕ್ಕಶಾಸ್ತ್ರದ ಕಪಾಟಿನ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದಿತ್ತು. ಅಕ್ಕನನ್ನು ಕರೆಸಿ ಗದರಿದೆ. "ಅದೊಂದನ್ನೇ ಎಷ್ಟು ಸಲ ಒರೆಸ್ತೀರಾ ಅಕ್ಕ? ಬೇರೆದೆಲ್ಲ ಯಾರು ಒರೆಸ್ಬೇಕು?"

"ತಪ್ಪಾಯ್ತು ಮೇಡಮ್ಮ" ಅಂದು ತಲೆ ತಗ್ಗಿಸಿದರು.

ಕೆಲವು ದಿನದ ಮೇಲೆ ಅದೇ ಕಪಾಟಿನಲ್ಲಿ ಏನೋ ಹುಡುಕುವಾಗ ಒಂದು ದಪ್ಪ ಕಾದಂಬರಿಯೊಳಗೆ ನೆಲ ಒರೆಸುವ ಬಟ್ಟೆಯ ನೂಲೊಂದು ಸಿಕ್ಕಿತು. ಮಾರನೆಯ ದಿನ ನೋಡಿದರೆ ನೂಲು ಎರಡು ಪುಟ ಮುಂದೆ ಹೋಗಿತ್ತು. ಅದರ ಮಾರನೆಯ ದಿನ ಇನ್ನೆರಡು ಪುಟ. ನಾಲ್ಕನೇ ದಿನ ನಾನು ಬೇಗ ಬಂದೆ. ಅಕ್ಕ ಒಂದು ಕೈಯಲ್ಲಿ ಧೂಳು ಹೊಡೆಯುವ ಬಟ್ಟೆ ಹಿಡಿದು, ಇನ್ನೊಂದು ಕೈಯ ಬೆರಳನ್ನು ಸಾಲಿನ ಮೇಲಿಟ್ಟುಕೊಂಡು, ತುಟಿ ಅಲುಗಿಸುತ್ತಾ ನಿಂತೇ ಓದುತ್ತಿದ್ದರು. ನನ್ನ ಹೆಜ್ಜೆ ಸದ್ದಿಗೆ ಬೆಚ್ಚಿ ಪುಸ್ತಕ ಮುಚ್ಚಿ ಅದರ ರಟ್ಟನ್ನು ಗಸಗಸ ಉಜ್ಜತೊಡಗಿದರು.

"ಧೂಳು ಮೇಡಮ್ಮ."

"ಎಷ್ಟು ದಿನದಿಂದ ಇದಕ್ಕೆ ಧೂಳು ಹೊಡೀತಿದೀರಾ?"

ಅವರು ಸುಳ್ಳು ಹೇಳಲಿಲ್ಲ. "ಓದ ವರ್ಸದ ದೀಪಾವಳಿಯಿಂದ."

ಅವರ ಬಾಯಲ್ಲಿ 'ಹ' ನಿಲ್ಲುವುದಿಲ್ಲ. ಹೋದ ವರ್ಷ ಓದ ವರ್ಷ ಆಗಿತ್ತು. ತಿದ್ದುವಂಥದ್ದೇನೂ ಅದರಲ್ಲಿ ಇರಲಿಲ್ಲ.

"ಮನೆಗೆ ತಗೊಂಡ್ ಹೋಗಿ ಓದಿ ಅಕ್ಕ, ಹಿಂಗ್ಯಾಕೆ ನಿಂತ್ಕೊಂಡು?"

"ನಮ್ಗೆಲ್ಲ ಕೊಡಂಗಿಲ್ವಂತೆ ಮೇಡಮ್ಮ. ಗೇಟಲ್ಲಿ ಚೀಲ ಬಿಚ್ಚಿ ನೋಡ್ತಾರೆ. ಕದ್ದೆ ಅಂದ್ರೆ ಏನ್ ಏಳ್ಲಿ?"

ನಿಜ. ವಿದ್ಯಾರ್ಥಿಗಳು, ಅಧ್ಯಾಪಕರು, ಕಾಯಂ ನೌಕರರು, ಇಷ್ಟು ಜನರಿಗೆ ಮಾತ್ರ ಕಾರ್ಡ್. ಆ ನಿಯಮ ಬರೆದದ್ದು ನಾನಲ್ಲ. ಆದರೆ ಪ್ರತಿ ವರ್ಷ ಅದರ ಕೆಳಗೆ ಸಹಿ ಹಾಕಿದ್ದು ನಾನು. ಓದುವವರಲ್ಲಿ ಮೇಲು ಕೀಳು ನೋಡಬಾರದು ಅಂತ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಈ ಕೆಲಸಕ್ಕೆ ಬಂದವಳು ನಾನು.

ಗ್ರಂಥಾಲಯ ಸಮಿತಿಯ ಮುಂದಿನ ಸಭೆಯಲ್ಲಿ ವಿಷಯ ಇಟ್ಟೆ. ಪ್ರಿನ್ಸಿಪಾಲರೇ ಅಧ್ಯಕ್ಷರು, ಸುತ್ತ ವಿಭಾಗಗಳ ಮುಖ್ಯಸ್ಥರು. ಈ ಆವರಣದಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ಕಾರ್ಡ್ ಕೊಡಬೇಕು ಅಂದೆ. ಒಬ್ಬರು ಮುಗುಳ್ನಕ್ಕರು. ಇನ್ನೊಬ್ಬರು, "ಪುಸ್ತಕ ಹೋದ್ರೆ ಯಾರ್ ಹೊಣೆ ಮೇಡಂ? ಅವರೆಲ್ಲ ಇವತ್ ಇರ್ತಾರೆ, ನಾಳೆ ಇರಲ್ಲ" ಅಂದರು.

ಪ್ರಿನ್ಸಿಪಾಲರು ಸಮಾಧಾನದ ದನಿಯಲ್ಲಿ ಹೇಳಿದರು: "ನಿಮ್ಮ ಕಳಕಳಿ ಅರ್ಥ ಆಗುತ್ತೆ. ಆದ್ರೆ ತಗೊಂಡೋರು ವಾಪಸ್ ತರ್ತಾರೆ ಅಂತ ಏನ್ ಗ್ಯಾರಂಟಿ?"

ಫೈಲಿನಿಂದ ಹಾಳೆ ತೆಗೆದೆ. "ಸಾರ್, ಪುಸ್ತಕ ತಗೊಂಡು ವಾಪಸ್ ಕೊಡದೇ ಇರೋರ ಪಟ್ಟಿ ತಂದಿದೀನಿ."

"ಒಳ್ಳೇದಾಯ್ತು. ಓದಿ, ಎಲ್ರಿಗೂ ಗೊತ್ತಾಗ್ಲಿ."

ಮೊದಲ ಹೆಸರು ನೋಡಿದೆ. ಪ್ರಿನ್ಸಿಪಾಲರ ಮುಖ ನೋಡಿದೆ. ಮತ್ತೆ ಹಾಳೆ ನೋಡಿದೆ.

"ಅಕ್ಷರ ಕ್ರಮದಲ್ಲಿ ಓದ್ಲಾ ಸಾರ್, ಹುದ್ದೆ ಕ್ರಮದಲ್ಲಿ ಓದ್ಲಾ?"

ಮುಗುಳ್ನಕ್ಕವರು ನೀರು ಕುಡಿದರು. ಹೊಣೆ ಯಾರು ಎಂದವರಿಗೆ ಮೊಬೈಲಿನಲ್ಲಿ ಏನೋ ತುರ್ತು ಬಂತು. ಪ್ರಿನ್ಸಿಪಾಲರು ಕೆಟ್ಟವರಲ್ಲ, ಮಂದಬುದ್ಧಿಯವರಂತೂ ಅಲ್ಲವೇ ಅಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಓದೋದೇನೂ ಬೇಡ ಮೇಡಂ. ಠರಾವು ಬರ್ಕೊಳ್ಳಿ" ಅಂದರು. ಸರ್ವಾನುಮತ.

ಕಾರ್ಡ್ ಕೊಟ್ಟ ದಿನ ಅಕ್ಕ ಸೆರಗಿಗೆ ಮೂರು ಸಲ ಕೈ ಒರೆಸಿಕೊಂಡು ತೆಗೆದುಕೊಂಡರು. ತಮ್ಮ ಫೋಟೋ ನೋಡಿದರು, ಹೆಸರು ಓದಿಕೊಂಡರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಅದೇ ಹೊತ್ತಿಗೆ ಪ್ರಿನ್ಸಿಪಾಲರ ಡ್ರೈವರ್ ಎರಡು ರಟ್ಟಿನ ಪೆಟ್ಟಿಗೆ ತಂದು ಇಳಿಸಿ ಹೋದ. ಮನೆಯ ಯಾವುದೋ ಅಟ್ಟದಿಂದ ಇಳಿದ ಪುಸ್ತಕಗಳು, ಮೇಲೆಲ್ಲ ಧೂಳು. ಅಕ್ಕ ತಾವಾಗಿ ಬಟ್ಟೆ ತಂದು ಒಂದೊಂದೇ ಒರೆಸಿ ಕೊಡತೊಡಗಿದರು. ತೆಳ್ಳಗಿನದೊಂದನ್ನು ಒರೆಸಿ, ಹಿಂಬದಿಯ ಚೀಟಿಯ ಮೇಲಿನ ತಾರೀಖು ಓದಿ, ಬೆರಳು ಮಡಿಚಿ ವರ್ಷ ಎಣಿಸಿದರು.

"ಮೇಡಮ್ಮ, ಇದು ದೊಡ್ಡ ಸಾಯೇಬ್ರು ತಕ್ಕಂಡಿದ್ದಾ?"

"ಹೂಂ ಅಕ್ಕ."

ಪುಸ್ತಕದ ದಪ್ಪವನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದರು. ಮುಖದಲ್ಲಿ ಕುಹಕದ ಎಳೆಯೂ ಇರಲಿಲ್ಲ, ನಿಜವಾದ ಮರುಕವಿತ್ತು. ಯಾರಿಗೂ ಕೇಳಬಾರದೆಂದು ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಅಂದರು:

"ಇಷ್ಟಕ್ಕೆ ಅನ್ನೊಂದು ವರ್ಸ! ಪಾಪ, ಓದಕ್ಕೆ ಅಷ್ಟು ಕಷ್ಟ ಆಯ್ತದೆ ಅಂತ ಒಂದ್ ಮಾತು ಏಳಿದ್ರೆ, ದಿನಾ ಬೆಳಿಗ್ಗೆ ಅವ್ರ ರೂಮು ಗುಡ್ಸೋವಾಗ ನಾನೇ ಎರಡೆರಡು ಪುಟ ಓದಿ ಏಳ್ತಿದ್ನಲ್ಲ ಮೇಡಮ್ಮ!"