ಗದ್ವಾಲ ಸೀರೆಯ ವಿಮಾನ

ಮನುಷ್ಯನಿಗೆ ಹಾರಲು ಬೇಕಾದದ್ದು ಮೂರೇ ಸಾಮಾನು: ಬಿದಿರು, ಬಟ್ಟೆ, ಧೈರ್ಯ. ಬಿದಿರು ಮೇದಾರ ಈರಣ್ಣನ ಹಿತ್ತಿಲಲ್ಲಿತ್ತು. ಬಟ್ಟೆ ನನ್ನ ಹೆಂಡತಿ ನೀಲಮ್ಮನ ಪೆಟ್ಟಿಗೆಯಲ್ಲಿತ್ತು. ಧೈರ್ಯ ಆ ಹೊತ್ತಿಗೆ ಎಲ್ಲಿಂದಲಾದರೂ ಬಂದೀತು ಎಂದುಕೊಂಡಿದ್ದೆ. ಹೀಗೆ ಸ್ವಂತದ್ದೆಂಬುದು ಒಂದೂ ಇಲ್ಲದೆ ನಾನು ಆಕಾಶಕ್ಕೆ ಹೊರಟೆ.

ಆಗ ನಾನು ರಾಜೋಳಿಯ ಸುಂಕದ ನಾಕಾದಲ್ಲಿ ಮುನ್ಶಿ. ತುಂಗಭದ್ರೆಯ ಈಚೆ ದಡ ನಿಜಾಮರದು, ಆಚೆ ದಡದ ಕರ್ನೂಲು ಸೀಮೆ ಹಿಂದೂಸ್ತಾನದ್ದು. ದೋಣಿಯಿಂದ ಇಳಿದ ಸರಕು ಯಾವುದು, ಎಷ್ಟು ಎಂದು ಉರ್ದುವಿನಲ್ಲಿ ಬರೆದಿಡುವುದು ನನ್ನ ಕೆಲಸ. ಒಮ್ಮೆ ದಫ್ತರದಲ್ಲಿ ಬಿದ್ದ ಅಕ್ಷರವನ್ನು ಹೊಡೆದು ಹಾಕುವಂತಿಲ್ಲ ಎಂಬುದು ನಾಕಾದ ಕಟ್ಟಳೆ. ಆ ಕಟ್ಟಳೆಯನ್ನು ನನ್ನಷ್ಟು ನಿಷ್ಠೆಯಿಂದ ನಡೆಸಿದವನು ಇಡೀ ರಿಯಾಸತ್ತಿನಲ್ಲಿ ಇರಲಿಕ್ಕಿಲ್ಲ. ಒಮ್ಮೆ ಒಬ್ಬ ಮುದುಕಿಯ ಎಣ್ಣೆಯ ಗಡಿಗೆಯನ್ನು ಕೈತಪ್ಪಿ ತುಪ್ಪದ ಗಡಿಗೆ ಎಂದು ಬರೆದೆ. ಅವಳು ಗಡಿಗೆಯಲ್ಲಿ ಬೆರಳದ್ದಿ ನನ್ನ ಮೂಗಿಗೇ ಹಿಡಿದಳು. ಎಣ್ಣೆಯೇ. ಆದರೂ ತುಪ್ಪದ ಸುಂಕವನ್ನೇ ವಸೂಲು ಮಾಡಿದೆ. ಬರೆದದ್ದು ಬರೆದಂತೆ! ಆ ಮುದುಕಿ ಹೋಗುವಾಗ ನದಿಯ ಮಣ್ಣು ಹಿಡಿದು ಏನೋ ಶಾಪ ಹಾಕಿದಳು. ಅದು ಏನೆಂದು ನನಗೆ ಆಮೇಲೆ ಅರ್ಥವಾಯಿತು.

ಹಿಂದೂಸ್ತಾನದ ದಂಡು ನಿಜಾಮರ ಸೀಮೆಗೆ ನುಗ್ಗಿದ ಪೊಲೀಸ್ ಆಕ್ಷನ್ನಿನ ವರ್ಷ ಅದು. ಆಕ್ಷನ್ನಿಗೆ ಕೆಲವು ತಿಂಗಳು ಮೊದಲೇ ಆಚೆ ದಡದವರು ಸರಕು ಕಳಿಸುವುದನ್ನು ನಿಲ್ಲಿಸಿದರು. ದೋಣಿಗಳು ದಂಡೆಯ ಮೇಲೆ ಮಗುಚಿ ಬಿದ್ದವು. ಊರಲ್ಲಿ ಉಪ್ಪಿಲ್ಲ, ಸೀಮೆಎಣ್ಣೆ ಇಲ್ಲ, ಹೊಸ ಬಟ್ಟೆಯಂತೂ ಕನಸು. ನಾಕಾದಲ್ಲಿ ನಾನು ನೊಣ ಹೊಡೆಯುತ್ತ ಕೂತೆ. ಕೆಲಸವಿಲ್ಲದ ಬಡಗಿ ಮಗುವಿನ ಕುಂಡಿ ಕೆತ್ತಿದನಂತೆ. ನನಗೆ ಕೆತ್ತಲು ಮಗುವೂ ಇರಲಿಲ್ಲ.

ಕೊನೆಯ ದೋಣಿಯಲ್ಲಿ ಬಂದ ಬಳೆಗಳಿಗೆ ಸುತ್ತಿದ್ದ ಒಂದು ಇಂಗ್ಲಿಷ್ ಕಾಗದ ನನ್ನ ಕೈಗೆ ಸಿಕ್ಕಿತ್ತು. ಅದರಲ್ಲೊಂದು ಚಿತ್ರ. ಒಬ್ಬ ಬಿಳಿಯ ದೊರೆ ಬಟ್ಟೆಯ ಎರಡು ದೊಡ್ಡ ರೆಕ್ಕೆಗಳ ಕೆಳಗೆ ಜೋತುಬಿದ್ದು ಗುಡ್ಡದಿಂದ ಹಾರುತ್ತಿದ್ದಾನೆ. ಎಂಜಿನ್ನಿಲ್ಲ, ಗಾಲಿಯಿಲ್ಲ. ಯುದ್ಧಕ್ಕಲ್ಲ, ಟಪಾಲಿಗಲ್ಲ, ಬರೀ ಶೋಕಿಗೆ ಹಾರುತ್ತಿದ್ದಾನೆ! ಮುಖದಲ್ಲಿ ನಗು ಬೇರೆ. ಚಿತ್ರದ ಕೆಳಗೆ ಏನೋ ಬರೆದಿತ್ತು. ಯಾರಿಂದಲಾದರೂ ಓದಿಸಬೇಕೆಂಬ ಬುದ್ಧಿ ನನಗೆ ಬರಲಿಲ್ಲ.

ಒಂದು ತಿಂಗಳು ನದಿಯ ದಂಡೆಯಲ್ಲಿ ಕೂತು ಹದ್ದುಗಳನ್ನು ನೋಡಿ ವಿದ್ಯೆ ಕಲಿತೆ. ಈರಣ್ಣನಿಂದ ಬಿದಿರು ಬಗ್ಗಿಸಿ ಕಟ್ಟಿಸಿದೆ. ಕಟ್ಟಿ ಮುಗಿಸಿದ ಮೇಲೆ ಅವನು ಸುತ್ತ ಒಂದು ಸುತ್ತು ಬಂದು, ಇಷ್ಟು ದೊಡ್ಡ ಬುಟ್ಟಿಯಲ್ಲಿ ಎಷ್ಟು ಕೋಳಿ ಮುಚ್ಚುತ್ತೀರಿ ಎಂದು ಕೇಳಿದ. ಅಜ್ಞಾನಿಗಳ ಜೊತೆ ವಾದ ಮಾಡಬಾರದು.

ಉಳಿದದ್ದು ಬಟ್ಟೆ. ರಾಜೋಳಿಯಲ್ಲಿ ನನ್ನ ಕೈಗೆಟಕುವಂತೆ ಹದಿನಾರು ಮೊಳದ ಬಟ್ಟೆ ಒಂದೇ ತುಂಡಾಗಿ ಇದ್ದದ್ದು ನೀಲಮ್ಮನ ಗದ್ವಾಲ ಸೀರೆಯಲ್ಲಿ ಮಾತ್ರ. ಅವಳ ತವರು ಗದ್ವಾಲ. ಮದುವೆಗೆಂದು ಅವಳ ತಾಯಿ ಮಗ್ಗದ ಪಕ್ಕದಲ್ಲೇ ಕೂತು ನೇಯಿಸಿದ ಸೀರೆ ಅದು. ಮೈ ಗಿಳಿಹಸಿರು ನೂಲು, ಅಂಚು ಮತ್ತು ಸೆರಗು ಕುಂಕುಮಗೆಂಪು ರೇಷ್ಮೆ. ಮರುವರ್ಷವೇ ಆ ತಾಯಿ ತೀರಿಕೊಂಡಳು. ನೀಲಮ್ಮ ಅದನ್ನು ವರ್ಷಕ್ಕೊಮ್ಮೆ ದಸರೆಯ ಬನ್ನಿ ಹಬ್ಬದ ದಿನ ಉಟ್ಟು, ಮರುದಿನ ಮಡಚಿ, ಬೇವಿನೆಲೆ ಹಾಕಿ ಇಟ್ಟುಬಿಡುತ್ತಿದ್ದಳು. ನಾನು ಅದನ್ನು ವಿಮಾನಕ್ಕೆಂದು ಕೇಳಿದೆ. ಬೈಯುತ್ತಾಳೆಂದುಕೊಂಡೆ.

"ಅಷ್ಟು ಮ್ಯಾಲೆ ಹೋದ್ರ ಗದ್ವಾಲ ಕಾಣ್ತೈತೇನ್ರಿ?" ಎಂದು ಕೇಳಿದಳು.

ಗಲಾಟೆಯ ಕಾಲ. ದಾರಿಗಳು ಕೆಟ್ಟು, ಅವಳು ತವರಿಗೆ ಹೋಗಿ ಒಂದು ವರ್ಷದ ಮೇಲಾಗಿತ್ತು. ಗದ್ವಾಲವೇನು, ನಾರಾಯಣಪೇಟೆಯೂ ಕಾಣುತ್ತದೆ ಎಂದೆ. ಹೇಳುವುದಕ್ಕೇನು ಖರ್ಚು?

ಸೀರೆ ಕೊಟ್ಟಳು. ಆದರೆ ಷರತ್ತು ಹಾಕಿದಳು. ಕತ್ತರಿ ಮುಟ್ಟಿಸಬಾರದು, ಸೂಜಿ ಚುಚ್ಚಬಾರದು, ಬನ್ನಿ ಹಬ್ಬಕ್ಕೆ ಮುಂಚೆ ಮರಳಿ ಪೆಟ್ಟಿಗೆಗೆ ಬರಬೇಕು. ಒಪ್ಪಿ, ಸೀರೆಯನ್ನು ಇಡಿಯಾಗಿಯೇ ಬಿದಿರಿನ ಮೇಲೆ ಹಾಸಿ, ಮಂಚದ ನವಾರ ಬಿಚ್ಚಿ ಬಿಗಿದೆ. ಸೆರಗು ಎಡರೆಕ್ಕೆಗೆ ಬಂತು. ಬಲರೆಕ್ಕೆಯ ತುಂಬ ಬರೀ ನೂಲು.

ನೀಲಮ್ಮ ರೆಕ್ಕೆಗಳನ್ನು ಕೈಯಿಂದ ಸವರಿ ನೋಡಿ ಅಂದಳು: "ಉಟ್ಟಾಕಿಗೆ ಗೊತ್ತೈತ್ರಿ. ಸೀರಿ ಮೈಯಾಗ ಗಾಳಿ ಆಡ್ತೈತಿ, ಸೆರಗಿನ್ಯಾಗ ಆಡಂಗಿಲ್ಲ. ಎರಡೂ ಕಡಿ ಒಂದ ಥರಾ ಇರಲಿ."

ಗದ್ವಾಲ ಸೀರೆ ಉಟ್ಟ ಪ್ರತಿ ಹೆಂಗಸಿಗೂ ಗೊತ್ತಿದ್ದ ಮಾತು ಅದು. ನಾನು ಅವಳಿಗೆ ಹದ್ದುಗಳ ವಿಷಯವಾಗಿ ಒಂದು ಗಂಟೆ ಉಪನ್ಯಾಸ ಕೊಟ್ಟೆ.

ಶುಕ್ರವಾರ ಕಚೇರಿಗೆ ರಜೆ. ಬೆಳಿಗ್ಗೆ ನಾನೂ ಈರಣ್ಣನೂ ವಿಮಾನ ಹೊತ್ತು ಊರ ಹೊರಗಿನ ಗುಡ್ಡ ಹತ್ತಿದೆವು. ಗುಡ್ಡದ ಬುಡದಲ್ಲಿ ಎದುರಿಗೆ ಬೀಳುಬಿಟ್ಟ ಮೆತ್ತನೆಯ ಹೊಲ. ನಾನು ಅಲ್ಲಿ ಇಳಿಯಬೇಕೆಂದು ನಿರ್ಧಾರವಾಗಿತ್ತು. ಬಲಗಡೆಗೆ, ನದಿಯ ದಂಡೆಯಲ್ಲಿ, ನಮ್ಮ ನಾಕಾ. ಆಚೆ ದಡದಿಂದ ಹಿಂದೂಸ್ತಾನದ ದಂಡು ಯಾವಾಗ ಬಂದೀತೋ ಎಂದು ಅಲ್ಲಿ ಒಬ್ಬ ಪೊಲೀಸ್ ಅಮೀನರನ್ನೂ ಆರು ಜನ ಬಂದೂಕಿನ ಜವಾನರನ್ನೂ ಕಾವಲಿಗೆ ಇಟ್ಟಿದ್ದರು. ಅವರೆಲ್ಲ ಬಂದೂಕಿನ ಮೂತಿಯನ್ನು ನದಿಯ ಕಡೆ ಮಾಡಿ ಚಹಾ ಕುಡಿಯುತ್ತಿದ್ದರು. ಅಪಾಯ ಬೆನ್ನ ಹಿಂದಿನ ಗುಡ್ಡದಿಂದ ಬರುತ್ತದೆ ಎಂದು ಪಾಪ ಅವರಿಗೆ ಹೇಗೆ ಗೊತ್ತಾಗಬೇಕು?

ಧೋತರ ಕಚ್ಚೆ ಬಿಗಿದು, ಮನೆದೇವರ ಹೆಸರು ಹೇಳಿ ಓಡಿದೆ. ಹತ್ತು ಹೆಜ್ಜೆ ನೆಲ ಸಿಕ್ಕಿತು. ಹನ್ನೊಂದನೆಯದಕ್ಕೆ ಸಿಗಲಿಲ್ಲ.

ನಾನು ಹಾರಿದೆ! ಸುಳ್ಳಲ್ಲ. 'ಶಿವ' ಎಂದು ಎರಡು ಸಲ ಅನ್ನುವಷ್ಟು ಹೊತ್ತು ಹಾರಿದೆ. ಆ ಎರಡು ಶಿವನ ನಡುವಿನ ಸುಖವನ್ನು ನಾನು ಮುಂದೆ ಯಾವುದರಲ್ಲೂ ಕಾಣಲಿಲ್ಲ. ನದಿ ಕಂಡಿತು, ಮಾನೋಪಾಡಿನ ಕಡೆ ಹೋಗುವ ಗಾಡಿಯ ದಾರಿ ಕಂಡಿತು. ಗದ್ವಾಲ ಹುಡುಕಲು ತಲೆ ಎತ್ತಿದೆ. ಅಷ್ಟರಲ್ಲಿ ಎಡಗಡೆಯ ರೇಷ್ಮೆ ಗಾಳಿಯನ್ನು ಹಿಡಿಯಿತು, ಬಲಗಡೆಯ ನೂಲು ಹಿಟ್ಟಿನ ಜರಡಿಯಂತೆ ಬಿಟ್ಟುಬಿಟ್ಟಿತು. ವಿಮಾನ ಬಲಕ್ಕೆ ವಾಲಿ, ಬಲಕ್ಕೇ ತಿರುಗಿ, ನೇರ ನಾಕಾದ ಹುಲ್ಲಿನ ಮಾಡಿನ ಮೇಲೆ ಬಂದು ಬಿತ್ತು. ನಾನು ಮಾಡನ್ನು ಹರಿದುಕೊಂಡು ನನ್ನದೇ ಮೇಜಿನ ಮುಂದೆ ಇಳಿದೆ. ಐದು ವರ್ಷದ ನೌಕರಿಯಲ್ಲಿ ಹೊತ್ತಿಗೆ ಮುಂಚೆ ಕಚೇರಿ ತಲುಪಿದ್ದು ಅದೊಂದೇ ದಿನ. ಅದೂ ರಜೆ.

ಹಿಂದೂಸ್ತಾನದ ವಿಮಾನ ಬಿತ್ತೆಂದು ಬೊಬ್ಬೆಯಾಯಿತು. ಬಂದೂಕಿದ್ದವರೇ ಎಲ್ಲರಿಗಿಂತ ಮೊದಲು ಓಡಿದರು. ಅಮೀನ್ ಸಾಹೇಬರೊಬ್ಬರು ಮಾತ್ರ ಚಹಾದ ಬಟ್ಟಲು ಹಿಡಿದುಕೊಂಡೇ ಒಳಗೆ ಬಂದರು. ನನಗೆ ಮೊಣಕಾಲು ತರಚಿತ್ತು, ಒಂದು ಹಲ್ಲು ಹೋಗಿತ್ತು. ಮಾಡಿನ ಮೇಲಿಂದ ಸೀರೆಯನ್ನು ಮೆಲ್ಲಗೆ ಇಳಿಸಿದರು. ಅದಕ್ಕೆ ಏನೂ ಆಗಿರಲಿಲ್ಲ. ಇದನ್ನು ದಯವಿಟ್ಟು ನೆನಪಿನಲ್ಲಿಡಬೇಕು: ಒಂದು ಎಳೆಯೂ ಹರಿದಿರಲಿಲ್ಲ.

ಬಂದೂಕಿನವರು ಒಬ್ಬೊಬ್ಬರಾಗಿ ಮರಳಿ ಬಂದರು, ಊರೂ ನೆರೆಯಿತು. ಇಷ್ಟು ಜನ ನೋಡಿದ ಮೇಲೆ ಪಂಚನಾಮೆ ಬರೆಯದೆ ಗತಿಯಿಲ್ಲ. ನಾಕಾದಲ್ಲಿ ಉರ್ದು ನೆಟ್ಟಗೆ ಬರೆಯುವವನು ನಾನೊಬ್ಬನೇ. ಆದ್ದರಿಂದ ಆರೋಪಿಯ ಕೈಗೇ ಲೇಖನಿ ಬಂತು.

ಅಮೀನ್ ಸಾಹೇಬರು ಒಳ್ಳೆಯವರು. ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದರು: "ಮುನ್ಶಿಜಿ, ಸೀರಿ ಒಂದು, ಬಿದಿರು ನಾಕು, ಇಷ್ಟ ಬರೀರಿ. ಒಣಗಾಕ ಹಾಕಿದ ಸೀರಿ ಗಾಳಿಗೆ ಹಾರಿತ್ತು, ಹಿಡ್ಯಾಕ ಹೋಗಿ ನೀವು ಬಿದ್ರಿ. ನಾನು ದಸ್ತಖತ್ ಮಾಡ್ತೀನಿ. ಸೀರಿ ತಗೊಂಡು ಮನೀಗೆ ಹೋಗ್ರಿ, ಬಾತ್ ಖತಮ್."

ಲೇಖನಿ ಅದ್ದಿದೆ. 'ಸೀರೆ' ಎಂದು ಬರೆಯುವುದರಲ್ಲಿದ್ದೆ. ಆಗ ಬಾಗಿಲಲ್ಲಿದ್ದ ಜವಾನನೊಬ್ಬ, ಮುನ್ಶಿಯವರು ಹೆಂಡತಿಯ ಸೀರೆ ಸುತ್ತಿಕೊಂಡು ಮಾಡಿನಿಂದ ಬಿದ್ದರಂತೆ ಎಂದು ಹೊರಗಿನವರಿಗೆ ಕೂಗಿ ಹೇಳಿದ. ಊರಿಗೆ ಊರೇ ನಕ್ಕಿತು. ಈರಣ್ಣ ಎಲ್ಲರಿಗಿಂತ ಹೆಚ್ಚು ನಕ್ಕ. ಆ ಗುಂಪಿನಲ್ಲಿ ನೀಲಮ್ಮ ಒಬ್ಬಳೇ ನಗದೆ, ಸೀರೆಯ ಕಡೆಗೇ ನೋಡುತ್ತ ನಿಂತಿದ್ದಳು. ನಾನು ಅವಳನ್ನು ನೋಡಬೇಕಿತ್ತು. ನೋಡಿದ್ದು ನಗುವವರನ್ನು.

ಮುತ್ತಿನಂಥ ಅಕ್ಷರದಲ್ಲಿ ಬರೆದೆ: 'ಹವಾಯಿ ಜಹಾಜ, ಒಂದು. ಬಣ್ಣ ಹಸಿರು, ಅಂಚು ಕೆಂಪು. ಕಟ್ಟಿದವನು ಮತ್ತು ನಡೆಸಿದವನು: ಕೆಳಗೆ ಸಹಿ ಮಾಡಿದ ಮುನ್ಶಿ.' ಓದಿ ಹೇಳಿ ಸಹಿ ಜಡಿದೆ. ನಗು ನಿಂತಿತು.

ಅಮೀನ್ ಸಾಹೇಬರು ಆ ಕಾಗದವನ್ನು ಎರಡು ಸಲ ಓದಿದರು. ಆಮೇಲೆ ನನ್ನದೇ ಮಾತನ್ನು ನನಗೆ ಮರಳಿ ಕೊಟ್ಟರು: "ಬರದದ್ದು ಬರದಂಗ, ಮುನ್ಶಿಜಿ. ಇನ್ನ ನನ್ನ ಕೈಯಾಗ ಏನೂ ಇಲ್ಲ."

ಸೀರೆಯಾಗಿದ್ದರೆ ಮನೆಗೆ ಹೋಗುತ್ತಿತ್ತು. ವಿಮಾನವಾದ್ದರಿಂದ ಜಪ್ತಿಯಾಯಿತು. ನನ್ನನ್ನೂ ಅದನ್ನೂ ಒಂದೇ ಗಾಡಿಯಲ್ಲಿ ಹಾಕಿ ಗದ್ವಾಲಕ್ಕೆ ಸಾಗಿಸಿದರು. ನೀಲಮ್ಮ ಕೇಳಿದ್ದ ಗದ್ವಾಲ ನನಗೆ ಕೊನೆಗೂ ಕಂಡಿತು, ಎತ್ತುಗಳ ಬಾಲದ ನಡುವೆ.

ಶತ್ರುವಿನ ಪರವಾಗಿ ವಿಮಾನ ಕಟ್ಟಿದ ಆರೋಪದ ಮೇಲೆ ಠಾಣೆಯ ಕೋಣೆಯಲ್ಲಿ ಕೂತಿದ್ದಾಗಲೇ ಪೊಲೀಸ್ ಆಕ್ಷನ್ ಆಯಿತು. ನಿಜವಾದ ವಿಮಾನವೊಂದು ಊರ ಮೇಲೆ ಹಾದುಹೋಯಿತು. ಕಿಟಕಿಯಿಂದ ನೋಡಿದೆ. ಅದರ ಎರಡೂ ರೆಕ್ಕೆ ಒಂದೇ ಥರ ಇದ್ದವು. ನೀಲಮ್ಮನ ಮಾತು ನಿಜವೆಂದು ಆಗ ಗೊತ್ತಾಯಿತು.

ಹಿಂದೂಸ್ತಾನದ ಕಡೆಯವರು ಬಂದು ಠಾಣೆಯ ಬಾಗಿಲು ತೆರೆದು ನನಗೆ ಹೂವಿನ ಹಾರ ಹಾಕಿದರು. ನಿಜಾಮನ ವಿರುದ್ಧ ವಿಮಾನ ಕಟ್ಟಿದ ವೀರ! ನಾನು ಬೇಡವೆನ್ನಲಿಲ್ಲ. ಬದಲಿಗೆ ಒಂದು ಸಣ್ಣ ಭಾಷಣ ಮಾಡಿದೆ. ಮರುದಿನ ಹೊಸ ಅಧಿಕಾರಿಗಳು ಪಂಚನಾಮೆಯನ್ನು ಓದಿಸಿದರು. ಗಡಿಯ ನಾಕಾದಲ್ಲಿ, ನಿಜಾಮನ ಸಂಬಳ ತಿನ್ನುವವನ ಕೈಯಲ್ಲಿ ವಿಮಾನವೇಕೆ ಇತ್ತು ಎಂದು ಕೇಳಿದರು. ಹಾರ ತೆಗೆಸಿ ಅದೇ ಕೋಣೆಗೆ ಮರಳಿ ಹಾಕಿದರು. ಒಂದೇ ವಿಮಾನದಿಂದ ಎರಡು ಸರ್ಕಾರಗಳಿಗೆ ದ್ರೋಹ ಮಾಡಿದವನು ನಾನು.

ಎರಡು ತಿಂಗಳ ಮೇಲೆ ಬಿಟ್ಟರು. ಬನ್ನಿ ಹಬ್ಬ ಮುಗಿದುಹೋಗಿತ್ತು. ನದಿಯ ಎರಡು ದಡವೂ ಒಂದೇ ದೇಶವಾಗಿ, ನಾಕಾಕ್ಕೆ ಬೀಗ ಬಿತ್ತು. ನನ್ನ ಉರ್ದು ಯಾರಿಗೂ ಬೇಡವಾಯಿತು. ಮಕ್ತಲದಲ್ಲಿ ಒಂದು ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಕೆಲಸ ಸಿಕ್ಕಿತು. ಅದರ ಬಗ್ಗೆ ನನಗೆ ದುಃಖವಿಲ್ಲ. ನೀಲಮ್ಮ ಆ ಬನ್ನಿ ಹಬ್ಬಕ್ಕೆ ಏನು ಉಟ್ಟಳೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಅದೇ ದುಃಖ.

ಸೀರೆಗಾಗಿ ಅರ್ಜಿ ಹಾಕಿದೆ. ಜಪ್ತಿ ಪಟ್ಟಿಯಲ್ಲಿ ಸೀರೆ ಎಂಬುದೇ ಇಲ್ಲವೆಂದು ಉತ್ತರ ಬಂತು. ಪಟ್ಟಿಯಲ್ಲಿರುವ ಹವಾಯಿ ಜಹಾಜವೇ ಆ ಸೀರೆ ಎಂದು ಬರೆದೆ. ಹಾಗಾದರೆ ವಿಮಾನ ನಡೆಸುವ ಪರವಾನಗಿ ತೋರಿಸಿ ಒಯ್ಯಬೇಕು ಎಂದರು. ಆ ಪಂಚನಾಮೆಯೇ ತಪ್ಪು ಎಂದು ಬರೆದೆ. ಬರೆದವನ ಸಹಿ ಸ್ಪಷ್ಟವಾಗಿದೆ, ದಫ್ತರದ ಅಕ್ಷರ ತಿದ್ದಲು ಬರುವುದಿಲ್ಲ ಎಂದು ಉತ್ತರ. ಸರ್ಕಾರ ಬದಲಾಗಿತ್ತು, ಭಾಷೆ ಬದಲಾಗಿತ್ತು, ಆ ಕಟ್ಟಳೆ ಮಾತ್ರ ಬದಲಾಗಿರಲಿಲ್ಲ. ಎಣ್ಣೆಯ ಗಡಿಗೆಯ ಮುದುಕಿ ಎಲ್ಲಿದ್ದಳೋ, ನಕ್ಕಿರಬೇಕು.

ಮೂರು ವರ್ಷ ಹೀಗೆ ಅರ್ಜಿ ಹಾಕಿ ಹಾಕಿ, ಕೊನೆಗೆ ನಾನೇ ಗದ್ವಾಲಕ್ಕೆ ಹೋಗಿ ದಫ್ತರಖಾನೆಯ ಗುಮಾಸ್ತರ ಮುಂದೆ ನಿಂತೆ. ಅವರು ನನ್ನ ಕಾಗದಗಳ ಗಂಟು ಹುಡುಕಲು ಒಳಗೆ ಹೋದರು. ಕಚೇರಿಯ ಕಾಗದಗಳನ್ನು ಬಟ್ಟೆಯಲ್ಲಿ ಸುತ್ತಿ ಗಂಟು ಕಟ್ಟಿಡುವುದು ನಮ್ಮ ಕಡೆಯ ಹಳೆಯ ಪದ್ಧತಿ. ಗಂಟು ತಂದು ಮೇಜಿನ ಮೇಲಿಟ್ಟರು. ಕುಂಕುಮಗೆಂಪು ರೇಷ್ಮೆ. ನೀಲಮ್ಮನ ಸೆರಗು.

ಗುಮಾಸ್ತರು ಗಂಟು ಬಿಚ್ಚಿದರು. ಒಳಗೆ, ಆ ಸೀರೆಯನ್ನು ಕೊಡಿರೆಂದು ನಾನೇ ಬರೆದ ಅರ್ಜಿಗಳು. ತಲೆ ಎತ್ತಿ ನೋಡಿದರೆ ಗೋಡೆಯ ಹಲಗೆಗಳ ಮೇಲೆ ಅಲ್ಲೊಂದು ಇಲ್ಲೊಂದು ಗಿಳಿಹಸಿರು ಗಂಟು. ಎಲ್ಲವೂ ಕತ್ತರಿಯಿಂದ ನೆಟ್ಟಗೆ, ಅಳತೆಗೆ ಸರಿಯಾಗಿ ಕತ್ತರಿಸಿದ ತುಂಡುಗಳು.

ಈ ಬಟ್ಟೆ ಎಲ್ಲಿಯದು ಎಂದು ಕೇಳಿದೆ.

"ಹಳೇ ಸಾಮಾನಿನ್ಯಾಗ ಬಿದ್ದಿತ್ರಿ," ಎಂದರು ಗುಮಾಸ್ತರು. "ಪಟ್ಟಿಯಾಗ ಇಲ್ಲದ ಅರಿವಿ. ನಿಮಗ ಬೇಕಂದ್ರ ಒಂದು ಅರ್ಜಿ ಕೊಡ್ರಿ."

ಮಕ್ತಲಕ್ಕೆ ಮರಳಿದೆ. ನೀಲಮ್ಮ ಕಾಲಿಗೆ ನೀರು ಕೊಟ್ಟು, ಸೀರೆ ಕಂಡಿತೇ ಎಂದು ಕೇಳಿದಳು. ಕಂಡಿತು, ಜೋಪಾನವಾಗಿ ಇಟ್ಟಿದ್ದಾರೆ ಎಂದೆ.

"ಕತ್ತರಿ ಹಾಕಿಲ್ಲ ಹೌದಿಲ್ರಿ?"

ಸೀರೆಯನ್ನು ವಿಮಾನ ಎಂದು ಬರೆದವನಿಗೆ, ತುಂಡುಗಳನ್ನು ಸೀರೆ ಎನ್ನುವುದೇನು ಕಷ್ಟ? ಇಲ್ಲ ಎಂದೆ.

"ಹಂಗಾದ್ರ ಬರ್ತೈತಿ ಬಿಡ್ರಿ," ಎಂದು ಅವಳು ಒಳಗೆ ಹೋದಳು. ಪೆಟ್ಟಿಗೆಯ ಮುಚ್ಚಳ ತೆಗೆದ ಸಪ್ಪಳ ಕೇಳಿಸಿತು. ಹಳೆಯ ಬೇವಿನೆಲೆ ತೆಗೆದು ಹೊಸದು ಹಾಕುತ್ತಿದ್ದಳು.

ಈಗಲೂ ವರ್ಷವರ್ಷ ಬನ್ನಿ ಹಬ್ಬದ ಮುಂಚೆ ಅವಳ ಕಣ್ಣೆದುರಿಗೇ ಕೂತು ಒಂದು ಅರ್ಜಿ ಬರೆದು ಗದ್ವಾಲಕ್ಕೆ ಕಳಿಸುತ್ತೇನೆ. ಅದು ಹೋಗಿ ಆ ಸೆರಗಿನೊಳಗೇ ಸೇರುತ್ತದೆಂದು ನನಗೆ ಗೊತ್ತು. ಆದರೆ ಈಗ ಅಕ್ಷರದಲ್ಲಿ ತಪ್ಪಿಲ್ಲ. ಮುತ್ತಿನಂಥ ಅಕ್ಷರದಲ್ಲಿ, ನಿಧಾನವಾಗಿ ಬರೆಯುತ್ತೇನೆ: ಸೀರೆ, ಒಂದು.