ಎರವಲು ಹೋದ ಗೋಲ್‌ಕೀಪರ್

ಹಡಗು ಹತ್ತದೆ, ವಿಮಾನ ನೋಡದೆ, ಹುಬ್ಬಳ್ಳಿಯಿಂದ ಆಚೆಗೆ ರೈಲು ಟಿಕೆಟ್ಟನ್ನೇ ತೆಗೆಸದೆ, ಇಂಗ್ಲೆಂಡಿನ ವೃತ್ತಿಪರ ಫುಟ್‌ಬಾಲ್ ಗೋಲ್‌ಕೀಪರ್ ಆದವರು ಈ ಭೂಮಂಡಲದಲ್ಲಿ ಒಬ್ಬರೇ. ಅವರು ನಮ್ಮ ಭಾವ! ನೀವೇನೂ ಕಷ್ಟಪಟ್ಟು ನಗು ತಡೆದುಕೊಳ್ಳಬೇಕಿಲ್ಲ. ದಾವಣಗೆರೆಯ ನಮ್ಮ ನಿಟ್ಟುವಳ್ಳಿಯಲ್ಲಿ ಯಾರೂ ತಡೆದುಕೊಂಡಿರಲಿಲ್ಲ.

ಭಾವ ಅಂದರೆ ನಮ್ಮ ಸೋದರತ್ತೆಯ ಮಗ. ಹಾಗಾಗಿ ನಾನು ಹುಟ್ಟಿದ ಗಳಿಗೆಯಿಂದಲೇ ನನಗೆ ಭಾವ. ಅದಕ್ಕೆ ಮದುವೆಯ ಹಂಗು ಇರಲಿಲ್ಲ. ಮದುವೆಯ ಹಂಗು ಇದ್ದದ್ದು ನಮ್ಮ ಅಕ್ಕ ಗಿರಿಜಾಳಿಗೆ. ಅವಳು ತೊಟ್ಟಿಲಲ್ಲಿದ್ದಾಗಲೇ ಗುತ್ತೂರಿನ ಅತ್ತೆ ಬಂದು, ಇದು ನನ್ನ ಸೊಸೆ ಎಂದು ಹೇಳಿ ಹೋಗಿದ್ದರು. ಯಾರದೂ ತಕರಾರಿರಲಿಲ್ಲ. ಹತ್ತಿ ಮಂಡಿಯಲ್ಲಿ ದಲಾಲಿ ಮಾಡುತ್ತಿದ್ದ ನಮ್ಮಪ್ಪನದು ಮಾತ್ರ ಒಂದು ಷರತ್ತು: ಹುಡುಗನ ಕೆಲಸ ಕಾಯಂ ಆಗಬೇಕು.

ಭಾವ ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಬದಲಿ ಕೆಲಸಗಾರರು. ಐವತ್ತರ ದಶಕದ ಗಿರಣಿಗಳನ್ನು ಕಾಣದವರಿಗೆ ಇದನ್ನು ಬಿಡಿಸಿ ಹೇಳಬೇಕು. ಬದಲಿಯವರು ಬೆಳಿಗ್ಗೆ ಸೈರನ್ ಕೂಗುವ ಮೊದಲೇ ಗೇಟಿನ ಮುಂದೆ ಬಂದು ನಿಲ್ಲಬೇಕು. ಕಾಯಂ ಕೆಲಸಗಾರ ಯಾರಾದರೂ ಬರದಿದ್ದರೆ ನೇಯ್ಗೆ ಖಾತೆ ನೋಡಿಕೊಳ್ಳುವ ವೀವಿಂಗ್ ಮಾಸ್ತರು ಬದಲಿಯವರಲ್ಲಿ ಒಬ್ಬನ ಹೆಸರು ಕೂಗುತ್ತಾರೆ. ಕೂಗಿದರೆ ಅವತ್ತಿನ ಕೂಲಿ, ಇಲ್ಲದಿದ್ದರೆ ಬಂದ ದಾರಿ. ಅಪ್ಪನಿಗೆ ಈ ಏರ್ಪಾಡೇ ಹಿಡಿಸಿರಲಿಲ್ಲ.

"ಇನ್ನೊಬ್ಬನಿಗೆ ಜ್ವರ ಬಂದ್ರೆ ಇವನಿಗೆ ರೊಟ್ಟಿ. ಇಂಥವನಿಗೆ ಮಗಳನ್ನ ಹೆಂಗೆ ಕೊಡಾದು?" ಎನ್ನುತ್ತಿದ್ದರು.

ಕಾಯಂ ಆಗುವುದಕ್ಕೆ ಒಂದು ಒಳದಾರಿ ಇತ್ತು. ಗಿರಣಿಗೆ ಒಂದು ಫುಟ್‌ಬಾಲ್ ತಂಡವಿತ್ತು, ಅದರ ಸರ್ವಾಧಿಕಾರವೂ ಅದೇ ವೀವಿಂಗ್ ಮಾಸ್ತರದು. ಚೆನ್ನಾಗಿ ಆಡಿದವರಿಗೆ ಕೆಲಸ ಬೇಗ ಕಾಯಂ ಆಗುತ್ತಿತ್ತು. ಭಾವನ ಕೈಗಳು ಉದ್ದ. ನಿಂತಲ್ಲೇ ನಿಂತು ನಮ್ಮನೆಯ ಅಟ್ಟದಿಂದ ಒನಕೆ ಇಳಿಸುತ್ತಿದ್ದರು. ಮಾಸ್ತರು ಅವರನ್ನು ನೋಡಿ ಗೋಲ್‌ಕೀಪರ್ ಅಂದರು. ಆದರೆ ತಂಡಕ್ಕೆ ಆಗಲೇ ಒಬ್ಬ ಗೋಲ್‌ಕೀಪರ್ ಇದ್ದ, ಕಬ್ಬಿಣದಂಥ ಆಳು, ನೆಗಡಿ ಕೂಡ ಬಾರದವನು. ಹೀಗೆ ನಮ್ಮ ಭಾವ ಮಗ್ಗದಲ್ಲೂ ಬದಲಿ, ಗೋಲಿನಲ್ಲೂ ಬದಲಿ! ಎರಡು ಕಡೆ ಕಾಯುವ ಭಾಗ್ಯ ಎಷ್ಟು ಜನಕ್ಕೆ ಉಂಟು?

ಇಷ್ಟಕ್ಕೇ ನಿಂತಿದ್ದರೆ ನಾನು ಈ ಪ್ರಬಂಧ ಬರೆಯಬೇಕಾಗಿರಲಿಲ್ಲ. ಆ ವರ್ಷ ಗಿರಣಿಗೆ ಇಂಗ್ಲೆಂಡಿನಿಂದ ಹೊಸ ಮಗ್ಗಗಳು ಬಂದವು. ಅವನ್ನು ಜೋಡಿಸಿ ಕೊಡಲು ಒಬ್ಬ ದೊರೆಯೂ ಬಂದ. ಕುಂಟುತ್ತಿದ್ದ. ಸಂಜೆ ಮೈದಾನಕ್ಕೆ ಬಂದು ಕಟ್ಟೆಯ ಮೇಲೆ ಕೂತು, ನಮ್ಮವರ ಆಟ ನೋಡಿ ತಲೆ ಚಚ್ಚಿಕೊಳ್ಳುತ್ತಿದ್ದ. ವಿಚಾರಿಸಿದರೆ, ಅವನು ಪ್ರಾಯದಲ್ಲಿ ಅಲ್ಲಿಯ ಒಂದು ಕ್ಲಬ್ಬಿನ ಗೋಲ್‌ಕೀಪರ್ ಅಂತೆ, ಅದಕ್ಕೆ ವಾರವಾರ ಸಂಬಳ ಪಡೆಯುತ್ತಿದ್ದನಂತೆ. ಚೆಂಡು ಹಿಡಿಯುವುದಕ್ಕೆ ಸಂಬಳ ಕೊಟ್ಟಿದ್ದಕ್ಕೇ ಅವರ ರಾಜ್ಯ ಹೋಯಿತು ಎಂದು ಅಪ್ಪ ತೀರ್ಪು ಕೊಟ್ಟರು.

ದೊರೆ ಮೇಲೆ ಬಂದ ಬಗೆಯನ್ನು ಗಿರಣಿಯ ಹಾಜರಿ ಬರೆಯುವ ಟೈಮಾಫೀಸಿನ ಗುಮಾಸ್ತರು ಕನ್ನಡ ಮಾಡಿ ಹೇಳಿದರು. ಮೊದಲು ಕ್ಲಬ್ಬು ಸೇರಿ ಹಿರಿಯ ಆಟಗಾರರ ಬೂಟು ತೊಳೆದನಂತೆ. ಆಮೇಲೆ ಎರಡನೇ ತಂಡ. ಆಮೇಲೆ ಕ್ಲಬ್ಬಿನವರು ಅವನನ್ನು ಪಕ್ಕದ ಸಣ್ಣ ಊರಿನ ತಂಡಕ್ಕೆ ಎರವಲು ಕೊಟ್ಟರಂತೆ. ಅಲ್ಲಿ ಪಳಗಿ ಬಂದು ಮೊದಲ ತಂಡದ ಗೋಲಿನಲ್ಲಿ ನಿಂತನಂತೆ. ಕೊನೆಗೆ ಮಂಡಿ ಮುರಿದು ಮಗ್ಗದ ಕಾರ್ಖಾನೆ ಸೇರಿದನಂತೆ. ಉಳಿದವರೆಲ್ಲ ಇದನ್ನು ಕಥೆ ಎಂದು ಕೇಳಿದರು. ಭಾವ ಮಾತ್ರ ಇದನ್ನು ಶಾಲೆಯ ಪಾಠದಂತೆ ಕೇಳಿದರು. ಗೋಲ್‌ಕೀಪರ್ ಆಗುವುದಕ್ಕೆ ಇರುವುದು ಇದೊಂದೇ ದಾರಿ, ಇದರಲ್ಲಿ ಒಂದು ಮೆಟ್ಟಿಲನ್ನೂ ಹಾರುವಂತಿಲ್ಲ ಎಂದು ಅವರ ತಲೆಯಲ್ಲಿ ಕೂತುಬಿಟ್ಟಿತು.

"ಮಂಡಿ ಮುರ್ಕೊಳ್ಳಾದೂ ಐತಲ್ಲ ಭಾವ?" ಎಂದು ನಾನು ಕೇಳಿದೆ.

"ಅದು ಕೊನೇದು. ಅದಕ್ಕಿನ್ನೂ ಟೈಮ್ ಐತೆ," ಅಂದರು. ಮುಖದಲ್ಲಿ ನಗುವಿನ ಎಳೆಯೂ ಇರಲಿಲ್ಲ.

ಮೊದಲ ಮೆಟ್ಟಿಲಿನಲ್ಲೇ ತೊಡಕು ಬಂತು. ಹಿರಿಯರ ಬೂಟು ತೊಳೆಯಬೇಕು ಸರಿ, ಆದರೆ ನಮ್ಮ ಗಿರಣಿಯ ತಂಡ ಆಡುತ್ತಿದ್ದದ್ದು ಬರಿಗಾಲಲ್ಲಿ! ಇನ್ನೊಬ್ಬರಾಗಿದ್ದರೆ ಈ ಮೆಟ್ಟಿಲು ನಮಗಲ್ಲ ಎಂದು ಬಿಡುತ್ತಿದ್ದರು. ಭಾವ ಬಿಡಲಿಲ್ಲ. ಬೂಟಿಲ್ಲದ ಮೇಲೆ ಕಾಲು ಎಂದು ತೀರ್ಮಾನಿಸಿ, ಆಟ ಮುಗಿದ ಕೂಡಲೇ ಒಂದು ಚೊಂಬು ನೀರು, ಒಂದು ತಟ್ಟೆ ಹಿಡಿದುಕೊಂಡು ಆಟಗಾರರ ಮುಂದೆ ಕೂತರು. ಮನೆಗೆ ಗುರುಗಳಾದ ಅಯ್ಯನವರು ಬಂದಾಗ ಅವರ ಪಾದ ತೊಳೆಯುವುದು ನಮ್ಮಲ್ಲಿ ಇದ್ದದ್ದೇ. ಆದರೆ ಫುಟ್‌ಬಾಲ್ ಮೈದಾನದಲ್ಲಿ ಯಾರು ಕಂಡಿದ್ದಾರೆ? ಆಟಗಾರರು ಕಾಲು ಎಳೆದುಕೊಂಡು ದಿಕ್ಕಾಪಾಲಾದರು. ಹಿಂದೆ ನಿಂತು ಆಡುವ ಒಬ್ಬ ಹಿರಿಯರು ಮಾತ್ರ ಅಯ್ಯನವರ ಮನೆತನದವರೇ. ಅವರು ಗಾಬರಿಯಾಗದೆ ಪಾದ ಚಾಚಿದರು, ತೊಳೆಸಿಕೊಂಡರು, ತಲೆಯ ಮೇಲೆ ಕೈಯಿಟ್ಟು ಒಳ್ಳೆಯದಾಗಲಿ ಎಂದು ಹರಸಿ, ದಕ್ಷಿಣೆ ಎಲ್ಲಿ ಎಂದು ಕೇಳಿದರಂತೆ.

ಬದಲಿ ಆಟಗಾರರನ್ನೇ ಎರಡನೇ ತಂಡ ಎಂದುಕೊಂಡು ಭಾವ ಆ ಮೆಟ್ಟಿಲು ಹತ್ತಿದ ಮೇಲೆ, ಅವರಿಗೆ ಊಟ ಹಾಕುತ್ತಿದ್ದ ನಮ್ಮ ಮನೆಯವರಿಗೆ ಕಷ್ಟ ಶುರುವಾಯಿತು. ಗೋಲ್‌ಕೀಪರ್ ಆದವನು ತನ್ನ ಮುಂದಿರುವವರಿಗೆ ಸದಾ ದಾರಿ ತೋರಿಸುತ್ತಿರಬೇಕು ಎಂದು ದೊರೆ ಹೇಳಿದ್ದನಂತೆ. ಮಗ್ಗದ ಸದ್ದಿನಲ್ಲಿ ಪಳಗಿದ ಗಂಟಲು ಬೇರೆ. ಅವ್ವ ಬಡಿಸಲು ಬಂದರೆ ಹಿಂದಿನಿಂದ, ಎಡಕ್ಕೆ ಬರ್ರಿ ಅತ್ತೆ, ಅಲ್ಲೇ ನಿಂದ್ರಿ, ಮುಂದೆ ಯಾರೂ ಇಲ್ಲ, ಬಿಡ್ರಿ ಎಂದು ನಿರ್ದೇಶನ. ಅವ್ವ ಗಾಬರಿಯಲ್ಲಿ ಸಾರನ್ನು ಅಪ್ಪನ ಕೈಮೇಲೆ ಬಿಟ್ಟಳು. ಯಾವ ವಸ್ತು ತೂರಿ ಬಂದರೂ ಹಾರಿ ಹಿಡಿಯುವ ಚಟವೂ ಹತ್ತಿಕೊಂಡಿತು. ನಮ್ಮ ಓಣಿಯ ಒಂದು ಮದುವೆಯಲ್ಲಿ ಇವರು ಮದುಮಕ್ಕಳ ಪಕ್ಕದಲ್ಲಿ ನಿಂತಿದ್ದರು. ಜನ ಅಕ್ಷತೆ ಎಸೆದರು. ನಮ್ಮ ಭಾವನ ಉದ್ದ ಕೈಗಳು ತಮ್ಮಷ್ಟಕ್ಕೆ ತಾವೇ ಎದ್ದವು. ಒಂದು ಕಾಳೂ ಮದುಮಕ್ಕಳ ತಲೆಗೆ ತಾಗಲಿಲ್ಲ ಎಂದು ಬೀಗರು ಇವತ್ತಿಗೂ ಹೇಳುತ್ತಾರೆ. ಮಂಗಳವಾದ್ಯ ನಿಲ್ಲಿಸಿ ಮತ್ತೊಮ್ಮೆ ಅಕ್ಷತೆ ಹಾಕಬೇಕಾಯಿತು, ಭಾವನನ್ನು ಊಟದ ಪಂಕ್ತಿಗೆ ಕಳಿಸಿದ ಮೇಲೆ.

ಮೂರನೆಯದು ಎರವಲು ಹೋಗುವುದು. ಅದಕ್ಕೆ ಕೇಳುವವರು ಬೇಕಲ್ಲ! ಯಾವ ಊರಿನವರೂ ಕೇಳಲಿಲ್ಲ. ಭಾವ ತಾವೇ ಹರಿಹರಕ್ಕೆ ಹೋಗಿ ಅಲ್ಲಿಯ ತಂಡದ ಮುಂದಾಳನ್ನು ಹುಡುಕಿ, ನನ್ನನ್ನು ಎರವಲು ಕೇಳಿ ಎಂದು ಬೇಡಿಕೊಂಡರು. ಅವನಿಗೆ ತಲೆಬುಡ ತಿಳಿಯಲಿಲ್ಲ. ಬಿಟ್ಟಿ ಬಂದ ಆಳನ್ನು ಯಾಕೆ ಬಿಡಬೇಕು ಎಂದುಕೊಂಡು ಬಂದು ಕೇಳಿದ. ಮಾಸ್ತರು ಒಂದು ಪೀಡೆ ತೊಲಗಿತು ಎಂದು, ಗೇಟಿನ ಮುಂದೆ ಎಲ್ಲರ ಎದುರಿಗೆ, ಈ ವರ್ಷದ ಆಟ ಮುಗಿಯುವ ತನಕ ಇಟ್ಟುಕೊಳ್ಳಿ ಎಂದು ಕೊಟ್ಟೇಬಿಟ್ಟರು. ಭಾವ ಬದಲಿ ಕೆಲಸಕ್ಕೆ ಮುಂಚಿನ ಹಾಗೆಯೇ ಬೆಳಿಗ್ಗೆ ದಾವಣಗೆರೆಯ ಗೇಟಿಗೆ ಬರುವುದು, ಸಂಜೆ ರೈಲು ಹತ್ತಿ ಹರಿಹರಕ್ಕೆ ಹೋಗಿ ತುಂಗಭದ್ರೆಯ ದಂಡೆಯ ಬಯಲಲ್ಲಿ ಆಡುವುದು, ರಾತ್ರಿ ಊಟಕ್ಕೆ ಪಕ್ಕದ ಗುತ್ತೂರಿಗೆ, ಅಂದರೆ ತಮ್ಮ ತಾಯಿಯ ಮನೆಗೇ ಹೋಗುವುದು ಎಂದಾಯಿತು.

"ಇದು ಎರವಲು ಹೋಗಾದಲ್ಲೋ," ಅಂದರು ಅಪ್ಪ. "ತವರಿಗೆ ಹೋದಂಗಾತು."

ನಕ್ಕಿದ್ದು ನಾವು. ಹರಿಹರದವರು ನಗಲಿಲ್ಲ. ದೊಡ್ಡ ತಂಡದಿಂದ ಎರವಲು ಬಂದವನು ಎಂಬ ಭಾವನ ಮಾತನ್ನು ಅವರು ನಂಬಿದರು. ಅವರ ಹಳೆಯ ಗೋಲ್‌ಕೀಪರ್, ದೊಡ್ಡ ಊರಿನಿಂದ ಆಳು ಬಂದ ಮೇಲೆ ನನಗೇನು ಕೆಲಸ ಎಂದು ಆಟ ಬಿಟ್ಟು ಹೊಲಕ್ಕೆ ಇಳಿದ. ನಂಬಿದವರ ನಡುವೆ ಭಾವನ ಆಟವೂ ಬದಲಾಯಿತು. ಚೆಂಡು ಬಿಡುವುದು ಕಡಿಮೆಯಾಯಿತು. ಹರಿಹರ ಒಂದೊಂದೇ ತಂಡವನ್ನು ಸೋಲಿಸುತ್ತ ಬಂದು, ಆ ವರ್ಷದ ಕೊನೆಯ ಪಂದ್ಯಕ್ಕೆ ನಿಂತಿತು. ಎದುರಿಗೆ ಯಾರು ಅಂತೀರಿ? ನಮ್ಮ ಗಿರಣಿಯೇ.

ಪಂದ್ಯ ದಾವಣಗೆರೆಯ ಮೈದಾನದಲ್ಲಿ. ಅಪ್ಪ ಸವಾರಿ ಗಾಡಿ ಕಟ್ಟಿಸಿ ಅಕ್ಕನನ್ನೂ ನನ್ನನ್ನೂ ಕರೆದುಕೊಂಡು ಹೋದರು. ಬಾಯಲ್ಲಿ ಏನೇ ಅನ್ನಲಿ, ತಂಗಿಯ ಮಗ. ಗಾಡಿಯನ್ನು ಬೇವಿನ ಮರದ ಕೆಳಗೆ, ಹರಿಹರದ ಗೋಲಿನ ಹಿಂದೆ ನಿಲ್ಲಿಸಿದೆವು. ಆಟ ಇನ್ನೂ ಶುರುವಾಗಿರಲಿಲ್ಲ. ವೀವಿಂಗ್ ಮಾಸ್ತರು ಬೆವರು ಒರೆಸಿಕೊಳ್ಳುತ್ತ ಭಾವನ ಹತ್ತಿರ ಬಂದರು. ನೆಗಡಿ ಕೂಡ ಬಾರದ ಆ ಕಬ್ಬಿಣದ ಗೋಲ್‌ಕೀಪರ್ ಹಿಂದಿನ ದಿನ ಒಂದು ಬೀಗರೂಟಕ್ಕೆ ಹೋಗಿದ್ದನಂತೆ. ಪಂಥ ಕಟ್ಟಿ ಹೋಳಿಗೆ ತಿಂದಿದ್ದನಂತೆ. ಈಗ ಮನೆಯಲ್ಲಿ ಚಾಪೆ ಬಿಟ್ಟು ಏಳುವ ಸ್ಥಿತಿಯಲ್ಲಿಲ್ಲವಂತೆ.

"ಬಾರಪ್ಪಾ, ನಮ್ಮ ಕಡೆ ನಿಂದ್ರು," ಅಂದರು ಮಾಸ್ತರು. "ನಾಳೆ ಬೆಳಿಗ್ಗೆ ನೀನು ಕಾಯಂ. ನಿಮ್ಮ ಮಾವನ ಎದುರಿಗೇ ಹೇಳ್ತದೀನಿ."

ನಾನು ಗಾಡಿಯಲ್ಲೇ ಎದ್ದು ನಿಂತೆ. ಅಕ್ಕ ಕಮಾನಿನ ಮರೆಯಲ್ಲೇ ಗಾಡಿಯ ಗೂಟವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇಷ್ಟು ವರ್ಷ ಕಾದದ್ದು ಇದಕ್ಕೇ ಅಲ್ಲವೇ? ಗೋಲೂ ಕಾಯಂ, ಮಗ್ಗವೂ ಕಾಯಂ, ಅಕ್ಕನ ಮದುವೆಯೂ ಕಾಯಂ. ದೊರೆಯ ಪಾಠದಲ್ಲೂ ಮುಂದಿನ ಮೆಟ್ಟಿಲು ಇದೇ. ಭಾವ ಕೈ ಮುಗಿದರು.

"ನೀವೇ ನನ್ನ ಹರಿಹರಕ್ಕೆ ಎರವಲು ಕೊಟ್ಟೀರಲ್ರಿ."

"ಕೊಟ್ಟೋರು ನಾವೇ, ವಾಪಸ್ ತಗೊಳ್ಳೋರೂ ನಾವೇ. ಅದಕ್ಕೇನೀಗ?"

"ಪಕ್ಕದ ಮನೇರಿಗೆ ಪಾತ್ರೆ ಎರವಲು ಕೊಟ್ಟಿರ್ತೀವಿ. ಅವರ ಒಲೆ ಮ್ಯಾಲೆ ಅದರಾಗೆ ಅನ್ನ ಬೇಯ್ತಿರ್ತೈತೆ. ಆಗ ಹೋಗಿ, ನಮ್ಮ ಪಾತ್ರೆ ಕೊಡ್ರಿ ಅಂತಾರೇನ್ರಿ?"

ಮಾಸ್ತರು ಇವರನ್ನು ಮೇಲಿಂದ ಕೆಳಗೆ ನೋಡಿ, ಬೆನ್ನು ತಿರುಗಿಸಿ ಹೋದರು. ಇನ್ನು ಈ ಹೆಸರು ಸುಲಭಕ್ಕೆ ಕೂಗುವುದಿಲ್ಲ ಎಂಬ ಅದರ ಅರ್ಥ ಗೇಟಿನ ಮುಂದೆ ನಿಂತು ಅಭ್ಯಾಸವಿದ್ದ ಎಲ್ಲರಿಗೂ ಗೊತ್ತಿತ್ತು. ಅಪ್ಪ ಎತ್ತುಗಳಿಗೆ ಮೇವು ಹಾಕುವ ನೆಪದಲ್ಲಿ ಆ ಕಡೆ ತಿರುಗಿ ನಿಂತರು.

ಗಿರಣಿಯವರು ಬೇರೆ ಗತಿಯಿಲ್ಲದೆ ಟೈಮಾಫೀಸಿನ ಗುಮಾಸ್ತರನ್ನು ಗೋಲಿನಲ್ಲಿ ನಿಲ್ಲಿಸಿದರು. ಗೋಲ್‌ಕೀಪರನ ಏಳಿಗೆಯ ವಿಷಯ ಅವರಿಗೆ ಬಾಯಿಪಾಠ, ನಿಜ. ಆದರೆ ಚೆಂಡು ಬಂದಾಗ ಅವರು ಮೊದಲು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಅಷ್ಟರಲ್ಲಿ ಗೋಲಾಯಿತು. ಆಮೇಲೆ ಗಿರಣಿಯವರು ಮೈಮೇಲೆ ಬಂದವರ ಹಾಗೆ ಆಡಿದರು, ಚೆಂಡೆಲ್ಲ ನಮ್ಮ ಗಾಡಿಯ ಕಡೆಗೇ. ಭಾವ ಹಾರಿದರು, ಉರುಳಿದರು, ಮೊಣಕೈ ಕಿತ್ತುಕೊಂಡರು, ಒಂದನ್ನೂ ಬಿಡಲಿಲ್ಲ. ಅವರು ಅಷ್ಟು ಚೆನ್ನಾಗಿ ಆಡಬಲ್ಲರು ಎಂದು ನನಗೆ ಗೊತ್ತಿರಲಿಲ್ಲ. ಬಹುಶಃ ಅವರಿಗೂ ಗೊತ್ತಿರಲಿಲ್ಲ. ಒಂದೊಂದು ಚೆಂಡು ಹಿಡಿದಾಗಲೂ ನಮ್ಮ ಅಕ್ಕನ ಮದುವೆ ಒಂದೊಂದು ಹರದಾರಿ ದೂರ ಹೋಗುತ್ತಿತ್ತು. ಅದು ತಿಳಿದೂ ನಾನು ಒಂದು ಚೆಂಡಾದರೂ ಬಿಡಲಿ ಎಂದು ಬಯಸಲಾರದೆ ಹೋದೆ. ಗಿರಣಿಯ ಕಾಯಂ ಕೆಲಸಗಾರರು ಸುಮ್ಮನೆ ಕೂತಿದ್ದರು. ಬದಲಿಯವರು ಮಾತ್ರ ಸೋಲುತ್ತಿರುವುದು ತಮ್ಮ ತಂಡ ಎಂಬುದನ್ನೂ ಮರೆತು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹರಿಹರ ಗೆದ್ದಿತು.

ಅವತ್ತು ಸಂಜೆ ಭಾವ ನಮ್ಮ ಮನೆಗೆ ಬಂದರು. ಮೊಣಕೈಗೆ ಯಾರದೋ ಟವೆಲು ಸುತ್ತಿತ್ತು. ಒಳಗೆ ಬರಲಿಲ್ಲ, ಪಡಸಾಲೆಯ ಕಂಬದ ಹತ್ತಿರ ನಿಂತರು. ಅಪ್ಪ ಊಟಕ್ಕೆ ಕೂತಿದ್ದರು. ರೊಟ್ಟಿ ಮುರಿಯುತ್ತ, ತಲೆ ಎತ್ತದೆ ಕೇಳಿದರು:

"ನನ್ನ ಮಗಳಿಗಿಂತ ಹರಿಹರದೋರು ಹೆಚ್ಚಾದ್ರೇನೋ?"

ಅಷ್ಟು ದಿನ ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದ ಭಾವ ಅವತ್ತು ಮೆಲುದನಿಯಲ್ಲಿ ಮಾತಾಡಿದರು.

"ಹೆಚ್ಚಲ್ಲ ಮಾವ. ನನ್ನ ನಂಬಿ ಕುಂತೋರನ್ನ ಇವತ್ತು ನಡುವೆ ಬಿಟ್ಟು ಬಂದ್ರೆ, ನಾಳೆ ಗಿರಿಜಾನ ಬಿಡಾದಿಲ್ಲ ಅಂತ ನೀವಾದ್ರೂ ಹೆಂಗೆ ನಂಬ್ತೀರಿ? ಅವಳಾದ್ರೂ ಹೆಂಗೆ ನಂಬ್ತಾಳೆ?" ಅಂದರು. ಟವೆಲಿನ ಗಂಟು ಬಿಗಿ ಮಾಡಿಕೊಳ್ಳುತ್ತ, "ಬೇರೆ ಕಡೆ ನೋಡ್ತೀರಂದ್ರೆ ನೋಡ್ರಿ. ನಾನು ಬ್ಯಾಡ ಅನ್ನಾದಿಲ್ಲ," ಅಂದರು.

ಅಡಿಗೆ ಮನೆಯಲ್ಲಿ ರೊಟ್ಟಿ ತಟ್ಟುವ ಸದ್ದು ನಿಂತಿತು. ಮದುವೆಯ ಮಾತು ಎದ್ದ ಮೇಲೆ ಹುಡುಗಿ ಆ ಹುಡುಗನ ಎದುರಿಗೆ ಬರಬಾರದು ಎನ್ನುವುದು ನಮ್ಮ ಮನೆಯ ಕಟ್ಟುನಿಟ್ಟು. ಅಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಅಪ್ಪನ ಪಕ್ಕದಲ್ಲಿ ಮಣೆ ಹಾಕಿದಳು, ಗಂಗಾಳ ಇಟ್ಟಳು, ಬಿಸಿ ರೊಟ್ಟಿ ಬಡಿಸಿದಳು. ಒಳಗೆ ಹೋಗಲಿಲ್ಲ, ಅಲ್ಲೇ ನಿಂತಳು. ಜೀವನವೆಲ್ಲ ಆ ಮನುಷ್ಯನನ್ನು ಆಡಿಕೊಂಡು ನಕ್ಕಿದ್ದ ನನಗೆ ಕಣ್ಣು ತುಂಬಿ ಬಂದು, ಯಾರ ಮುಖವೂ ಸರಿಯಾಗಿ ಕಾಣಲಿಲ್ಲ.

ಅಪ್ಪ ಒಮ್ಮೆ ಮಗಳನ್ನು ನೋಡಿದರು. ತಮ್ಮ ಗಂಗಾಳದಲ್ಲಿದ್ದ ಬೆಣ್ಣೆಯ ಮುದ್ದೆಯನ್ನು ತೆಗೆದು ಪಕ್ಕದ ಗಂಗಾಳದ ರೊಟ್ಟಿಯ ಮೇಲಿಟ್ಟರು.

"ಕುಂತ್ಕೊಂಡು ಉಣ್ಣು," ಅಂದರು. "ಬೆಳಿಗ್ಗೆ ಗೇಟಿಗೆ ಹೋಗಾದೈತಲ್ಲ."