ಕಾಲೇಜಿಗೆ ಕಳಿಸಿದ ಎಣ್ಣೆ

ಹೋಟೆಲು ನಡೆಸುವವರಿಗೆ ಒಂದು ಚಾಳಿ ಇರುತ್ತದೆ. ಹೊಸ್ತಿಲು ದಾಟಿ ಹೊರಗೆ ಹೋಗುವ ಪೊಟ್ಟಣ ಒಳಗೆ ಬಡಿಸುವುದಕ್ಕಿಂತ ಒಂದು ಕೈ ಮೇಲೇ ಇರಬೇಕು. ಮದುವೆ ಮನೆಗೆ ಹೋಗುವ ಬನ್ಸ್‌ಗೆ ಹೊಸ ಎಣ್ಣೆ, ನೆಂಟರಿಗೆ ಹೋಗುವ ಚಟ್ನಿಗೆ ಹೆಚ್ಚು ಕಾಯಿ. ಮರ್ಯಾದೆಯ ಪ್ರಶ್ನೆ ನೋಡಿ. ಗ್ರಾಂಟ್ ರೋಡಿನಲ್ಲಿ ಅಪ್ಪನ ಕಾಲದಿಂದ ಇರುವ ನಮ್ಮ ಸಣ್ಣ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ನಾನು ಕಲಿತ ವಿದ್ಯೆ ಇದೊಂದೇ. ಈ ವಿದ್ಯೆ ನನ್ನ ಮಗಳ ವಿಜ್ಞಾನವನ್ನು ಇನ್ನೇನು ಮುಳುಗಿಸಿಬಿಡುತ್ತಿತ್ತು.

ಮಗಳು ನಿಶಾ ಕಾಲೇಜಿನಲ್ಲಿ ಜೀವಶಾಸ್ತ್ರ ಓದುತ್ತಾಳೆ. ಅವಳ ತಂಡ ವಿದೇಶದ ದೊಡ್ಡ ಸಂಶೋಧನಾ ಸ್ಪರ್ಧೆಗೆ ಹೆಸರು ಕೊಟ್ಟಿತ್ತು. ಬ್ಯಾಕ್ಟೀರಿಯಾದ ವಂಶವಾಹಿಯನ್ನು ತಿದ್ದಿ, ಕಾದು ಕಾದು ಕೆಟ್ಟ ಎಣ್ಣೆ ಸೋಕಿದರೆ ಅದು ಕೆಂಪಗಾಗುವಂತೆ ಮಾಡುವುದು ಅವರ ಯೋಜನೆ. ಕಣ್ಣಿಗೆ ಕಾಣದ ಜೀವಿಗೆ ಫುಡ್ ಇನ್‌ಸ್ಪೆಕ್ಟರ್ ನೌಕರಿ ಕೊಡಿಸುವುದು ಎಂದು ನಾನು ಅರ್ಥ ಮಾಡಿಕೊಂಡೆ. ಒಂದು ಬೆಳಿಗ್ಗೆ ಅವಳು, "ಪಪ್ಪಾ, ನಮ್ ಹೋಟೆಲ್ ಕಾ ಆಯಿಲ್ ಬೇಕು. ವಡೆ ಫ್ರೈ ಮಾಡ್ತಾರೆ ನಾ, ವಹೀ ವಾಲಾ, ಅದೇ" ಎಂದಳು.

ಅಡಿಗೆಯ ಸದಾನಂದನಿಗೆ ಹೇಳಿದೆ. ಅವನು ಸೌಟನ್ನು ಸೀದಾ ಬಾಣಲೆಗೆ ಇಳಿಸಿದ. "ಅದನ್ನಾ? ಪ್ರೊಫೆಸರ್‌ಗಳು ನೋಡ್ತಾರೆ ಮಾರಾಯ, ಹೊಸ ಡಬ್ಬ ಒಡಿ" ಎಂದು ಗದರಿದೆ. ತೊಳೆದು ಒರೆಸಿದ ಬಾಟಲಿಯಲ್ಲಿ ಚಿನ್ನದ ಬಣ್ಣದ ಎಣ್ಣೆ ಹೋಯಿತು. ಕೆಲವು ದಿನ ಬಿಟ್ಟು ಅವಳು ಮತ್ತೆ ಕೇಳಿದಳು. ಹಿಂದಿನದು ಅವರಿಗೆ ಹಿಡಿಸಲಿಲ್ಲವೇನೋ ಎಂದುಕೊಂಡು ಈ ಸಲ ಇನ್ನೂ ದುಬಾರಿ ಶೇಂಗಾ ಎಣ್ಣೆಯನ್ನೇ ಕಳಿಸಿದೆ.

ಆ ವಾರ ವಡಾಲದ ನಮ್ಮ ಮನೆಯಲ್ಲಿ ಸೂತಕದ ಕಳೆ. ನಿಶಾ ಊಟದ ತಟ್ಟೆಯ ಮುಂದೆ ಅತ್ತಳು. ಬ್ಯಾಕ್ಟೀರಿಯಾ ಕೆಂಪಗಾಗುತ್ತಲೇ ಇಲ್ಲ, ತಂಡದವರು ಒಬ್ಬರ ಮೇಲೊಬ್ಬರು ಹಾಯುತ್ತಿದ್ದಾರೆ, ಫಲಿತಾಂಶ ಕಳಿಸುವ ದಿನ ಹತ್ತಿರ ಬಂದಿದೆ, ವರ್ಷದ ದುಡಿಮೆ ನೀರುಪಾಲು. ಹೆಂಡತಿ ವಸಂತಿ ನನ್ನನ್ನೇ ದಿಟ್ಟಿಸಿ, "ನೀವು ಕೊಟ್ಟದ್ದು ಯಾವ ಎಣ್ಣೆ?" ಎಂದಳು. ಸೀಲ್ ಒಡೆದ ಡಬ್ಬದ್ದು ಎಂದು ಎದೆಯುಬ್ಬಿಸಿ ಹೇಳಿದೆ. ನಿಶಾ ಅಳು ನಿಲ್ಲಿಸಿ, "ಪಪ್ಪಾ!" ಎಂದು ಕಿರುಚಿದಳು.

ಮರುದಿನ ಅವಳೇ ಬಂದು ಬಾಣಲೆಯಿಂದ ಎಣ್ಣೆ ತುಂಬಿಸಿಕೊಂಡಳು. ಸಂಜೆ ಫೋನ್ ಬಂತು: "ಪಪ್ಪಾ, ರೆಡ್! ಏಕ್‌ದಮ್ ರೆಡ್!" ಹಿಂದೆ ಅವಳ ಗೆಳೆಯರ ಚಪ್ಪಾಳೆ. ಮಗಳು ಗೆದ್ದಳೆಂದು ಹಿಗ್ಗಿದೆ, ಮರುಕ್ಷಣವೇ ನಾಚಿಕೆಯೂ ಆಯಿತು. ಸದಾನಂದನ ಮೇಲೆ ರೇಗಿದರೆ, "ಹಳೇದಕ್ಕೆ ಹೊಸತು ಸೇರಿಸ್ತಾ ಹೋಗು ಅಂತ ನೀವೇ ಅಲ್ವಾ ಅಣ್ಣ ಹೇಳಿದ್ದು?" ಎಂದ.

ತಂಡಕ್ಕೆ ಚಿನ್ನದ ಪದಕ ಬಂತು. ಹೊಸ ಎಣ್ಣೆಗೆ ಸುಮ್ಮನಿದ್ದು ಹಳೆಯದಕ್ಕೆ ಮಾತ್ರ ಕೆಂಪಾಗುವುದನ್ನು ತೋರಿಸಿದ್ದು ತೀರ್ಪುಗಾರರಿಗೆ ತುಂಬಾ ಹಿಡಿಸಿತಂತೆ. ಎರಡೂ ನನ್ನ ಹೋಟೆಲಿನವೇ ಎನ್ನುವುದು ಅವರಿಗೆ ಗೊತ್ತಿಲ್ಲ. ಆ ಫೋನ್ ಬಂದ ಮೇಲೆ ಒಂದಷ್ಟು ದಿನ ಬಾಣಲೆಗೆ ಹೊಸ ಎಣ್ಣೆಯೇ ಬಿದ್ದಿತ್ತು. ಪದಕದ ಸಂಭ್ರಮದಲ್ಲಿ ಹಳೆಯ ಪದ್ಧತಿ ಮೆಲ್ಲಗೆ ವಾಪಸು ಬಂತು.

ತಂಡದ ಫೋಟೋಗೆ ಕಟ್ಟು ಹಾಕಿಸಿ ಗಲ್ಲಾಪೆಟ್ಟಿಗೆಯ ಮೇಲೆ ತೂಗುಹಾಕಿದ್ದೇನೆ. ನಿಶಾಳ ಕೈಯಲ್ಲಿ ಎರಡು ಗಾಜಿನ ನಳಿಗೆಗಳು, ಒಂದು ತಿಳಿ, ಇನ್ನೊಂದು ಕುಂಕುಮದಷ್ಟು ಕೆಂಪು. ನಿನ್ನೆ ಖಾಯಂ ಗಿರಾಕಿಯೊಬ್ಬರು ವಿವರವೆಲ್ಲ ಕೇಳಿ, "ಈ ಕೆಂಪು ಯಾವ ಹೋಟೆಲಿಂದು ಶೆಟ್ರೇ?" ಎಂದರು.

"ಅಂಧೇರಿ ಕಡೇದು ಯಾವುದೋ" ಎಂದುಬಿಟ್ಟೆ.

"ಅದಕ್ಕೇ ನಾನು ಇಲ್ಲೇ ತಿನ್ನೋದು" ಎಂದು ಅವರು ಇನ್ನೊಂದು ಪ್ಲೇಟ್ ವಡೆ ಹೇಳಿದರು. ನಾನು ಎದ್ದು ಅಡಿಗೆಮನೆಗೆ ಹೋಗಿ, ಬಾಣಲೆ ಖಾಲಿ ಮಾಡಿ ಹೊಸ ಡಬ್ಬ ಒಡೆಯಲು ಸದಾನಂದನಿಗೆ ಹೇಳಿದೆ.

ಅವನು ನನ್ನ ಮುಖ ನೋಡಿ ಕೇಳಿದ: "ಪಾರ್ಸೆಲಾ ಅಣ್ಣ?"